ಟ್ರಿಸ್ ನನಗೆ ಹಿಡಿಸಲೇ ಇಲ್ಲ. ನಿಮಗೆ?

ಬಾಡಿಗೆ ಪುಸ್ತಕದಂಗಡಿ:

ಮೈಸೂರಿನಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಚಿಕ್ಕ ಅಂಗಡಿ ನನ್ನದು. ಹೈಸ್ಕೂಲು, ಪಿಯುಸಿ ಮಕ್ಕಳು ಕೇಳಿದ್ದನ್ನೆಲ್ಲ ನಾನೂ ಒಮ್ಮೆ ಓದಿಬಿಡುತ್ತೇನೆ. ಓದದೆ ಕೊಟ್ಟರೆ ನಾಳೆ ಅವರ ತಾಯಂದಿರು ಬಂದು ಕೇಳಿದಾಗ ಏನೆಂದು ಉತ್ತರ ಹೇಳಲಿ? ಹಾಗೆ ಕೈಗೆತ್ತಿಕೊಂಡದ್ದು ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ ಸರಣಿ. ಮೊದಲನೆಯದು 2011ರಲ್ಲಿ ಬಂತು, ‘ಇನ್ಸರ್ಜೆಂಟ್’ 2012ರಲ್ಲಿ, ‘ಅಲೀಜಿಯಂಟ್’ 2013ರಲ್ಲಿ. ಮೂರನ್ನೂ ಮುಗಿಸಿದ್ದೇನೆ. ಕಥೆಗೆ ಓಟವಿದೆ, ಅದರಲ್ಲಿ ಎರಡು ಮಾತಿಲ್ಲ. ನಾಯಕಿ ಟ್ರಿಸ್ ಪ್ರಯರ್ ಮಾತ್ರ ನನಗೆ ಒಗ್ಗಲಿಲ್ಲ. ಅಂಗಡಿಗೆ ಬರುವ ಹುಡುಗಿಯರ ಮುಂದೆ ಇದನ್ನು ಹೇಳಿದರೆ ನನ್ನ ಮುಖವನ್ನೇ ನೋಡದೆ ಹೋಗುತ್ತಾರೆ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಕೊನೆಯನ್ನೂ ಹೇಳಿಬಿಡುತ್ತೇನೆ, ಓದುವ ಯೋಚನೆ ಇರುವವರು ಇಲ್ಲಿಗೇ ನಿಲ್ಲಿಸಿ.

ಓದದಿದ್ದರೂ ಹರಟೆಗೆ ಕುಳಿತವರಿಗಾಗಿ ಸ್ವಲ್ಪ ಹಿನ್ನೆಲೆ. ಮುಂದೆಂದೋ ಬರುವ ಕಾಲದ ಶಿಕಾಗೊ. ಜನರೆಲ್ಲ ಐದು ಬಣಗಳಲ್ಲಿ ಹಂಚಿಹೋಗಿದ್ದಾರೆ. ನಿಸ್ವಾರ್ಥಕ್ಕೊಂದು, ಧೈರ್ಯಕ್ಕೊಂದು, ಸತ್ಯಕ್ಕೊಂದು, ವಿದ್ಯೆಗೊಂದು, ಶಾಂತಿಗೊಂದು. ಹದಿನಾರು ತುಂಬಿದವರು ಸಭೆಯ ಮುಂದೆ ಅಂಗೈ ಕೊಯ್ದುಕೊಂಡು ಯಾವ ಬಟ್ಟಲಿಗೆ ರಕ್ತ ಬಿಡುತ್ತಾರೋ ಆ ಬಣಕ್ಕೆ ಸೇರಿದಂತೆ. ನಿಸ್ವಾರ್ಥಿಗಳಾದ ಆಬ್ನಿಗೇಷನ್ ಮನೆಯಲ್ಲಿ ಹುಟ್ಟಿದ ಟ್ರಿಸ್ ಕೆಂಡದ ಬಟ್ಟಲಿಗೆ ರಕ್ತ ಬಿಟ್ಟು ಧೈರ್ಯದ ಬಣವಾದ ಡಾಂಟ್‌ಲೆಸ್ ಸೇರುತ್ತಾಳೆ. (ಎಸ್‌ಎಸ್‌ಎಲ್‌ಸಿ ಆದಮೇಲೆ ವಿಜ್ಞಾನವೋ ವಾಣಿಜ್ಯವೋ ಎಂದು ನಮ್ಮ ಮನೆಗಳಲ್ಲಿ ನಡೆಯುವ ರಾದ್ಧಾಂತ ನೋಡಿದವರಿಗೆ ಈ ಬಟ್ಟಲುಗಳು ತೀರಾ ಹೊಸದೆನಿಸಲಾರವು.)

ಈಗ ನನ್ನ ತಕರಾರು. ಡಾಂಟ್‌ಲೆಸ್‌ನ ಮೊದಲ ರಾತ್ರಿ, ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದ್ದಾರೆ. ಪಕ್ಕದಲ್ಲಿ ಆಲ್ ಎಂಬ ದೊಡ್ಡ ಮೈಕಟ್ಟಿನ ಹುಡುಗ ಬಿಕ್ಕುತ್ತಿದ್ದಾನೆ. ಸಮಾಧಾನ ಹೇಳಬೇಕೆಂಬುದು ಇವಳಿಗೆ ಗೊತ್ತು, ಹುಟ್ಟಿದಾಗಿನಿಂದ ಕಲಿತದ್ದೇ ಅದು. ಆದರೆ ಅವಳಿಗೆ ಬರುವುದು ಅಸಹ್ಯ. ಇಷ್ಟು ಗಟ್ಟಿಮುಟ್ಟಾಗಿ ಕಾಣುವವನು ಹೀಗೆ ಅಳಬಹುದೇ ಎಂದು. ಮುಂದೆ ಮಾಲಿ ಎಂಬ ಜೊತೆಯ ಹುಡುಗಿಯೊಂದಿಗಿನ ಕಾಳಗದಲ್ಲಿ, ಕೆಳಗೆ ಬಿದ್ದವಳನ್ನು ತರಬೇತುದಾರ ತಡೆಯುವವರೆಗೂ ಒದೆಯುತ್ತಾಳೆ. ಮಾಲಿ ಅವಳನ್ನು ಆಡಿಕೊಂಡು ನಕ್ಕಿದ್ದಳು, ನಿಜ. ಆದರೂ ನೆಲಕ್ಕೆ ಬಿದ್ದವಳು.

ಒರಟುತನಕ್ಕೆ ನನ್ನ ಆಕ್ಷೇಪವಿಲ್ಲ. ಕೆಟ್ಟವರ ಕಥೆಯನ್ನೂ ಚಪ್ಪರಿಸಿ ಓದುವವಳು ನಾನು. ನನ್ನ ಕೋಪವೆಲ್ಲ ಇವಳು ಮಾಡಿದ್ದಕ್ಕೆಲ್ಲ ಪುಸ್ತಕವೇ ವಕೀಲಿಕೆ ಮಾಡುವುದರ ಬಗ್ಗೆ. ಹೊಡೆದರೆ ಧೈರ್ಯ, ಹೇಳದೆ ಕೇಳದೆ ಹೋದರೆ ತ್ಯಾಗ. ಎರಡನೆಯ ಭಾಗದಲ್ಲಿ ಶತ್ರುವಿಗೆ ಶರಣಾಗಬೇಡ ಎಂದು ಅವಳ ಪ್ರಿಯಕರ ಟೊಬಾಯಸ್ ಅಂಗಲಾಚಿದರೂ ಹೊರಟೇಬಿಡುತ್ತಾಳೆ. ಸಾವಿನ ಬಾಯಿಯವರೆಗೂ ಹೋಗಿ ಬದುಕಬೇಕು ಎಂಬ ಬುದ್ಧಿ ಬಂತಲ್ಲ ಎಂದು ನಾನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಮೂರನೆಯ ಭಾಗದಲ್ಲಿ ಮತ್ತೆ ಅದೇ ರಾಗ. ವಿಷದ್ರವ್ಯ ಚೆಲ್ಲುವ ಕೋಣೆಗೆ ಹೋಗಲು ಒಪ್ಪಿದ್ದವನು ಅಣ್ಣ ಕೇಲಬ್. ಕೊನೆಯ ಗಳಿಗೆಯಲ್ಲಿ ಇವಳು ಪಿಸ್ತೂಲು ತೋರಿಸಿ, ಚೀಲ ಕೊಡದಿದ್ದರೆ ಕಾಲಿಗೆ ಗುಂಡು ಹಾರಿಸುವುದಾಗಿ ಅವನನ್ನು ಬೆದರಿಸಿ, ತಾನೇ ಹೋಗಿ ಸಾಯುತ್ತಾಳೆ.

ಅಲ್ಲ, ಮೊದಲ ಭಾಗದಲ್ಲಿ ತನ್ನ ಗೆಳೆಯ ವಿಲ್, ಅದೂ ಔಷಧಿಯ ಮಂಕಿನಲ್ಲಿ ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಬಂದೂಕು ಹಿಡಿದು ಬಂದಾಗ ತಲೆಗೇ ಗುರಿಯಿಟ್ಟವಳಿಗೆ ಮನುಷ್ಯರಿಗೆ ಕಾಲು ಎಂಬುದೊಂದಿದೆ ಎಂದು ಅಣ್ಣನ ಹತ್ತಿರವೇ ಹೊಳೆಯಬೇಕಿತ್ತೇ?

ಹೀಗನ್ನಿಸಿದ್ದು ನನಗೊಬ್ಬಳಿಗೇ, ಇನ್ನೂ ಯಾರಾದರೂ ಇದ್ದೀರಾ?

ಹಾಸ್ಟೆಲ್ ಕಿಟಕಿ:

ಮೇಡಂ, ಇಲ್ಲಿ ನಾನು ಟ್ರಿಸ್ ಕಡೆಯವಳು. ಹೈಸ್ಕೂಲಿನಲ್ಲಿ ಓದಿದ್ದು, ಈಗ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ.

ಆ ಮೊದಲ ರಾತ್ರಿಯನ್ನು ನೀವು ಹಾಸ್ಟೆಲ್‌ನಲ್ಲಿ ಇದ್ದು ಓದಬೇಕಿತ್ತು. ನಾನು ಬಂದ ದಿನ ಪಕ್ಕದ ಮಂಚದವಳು ರಾತ್ರಿಯೆಲ್ಲ ಮೂಗು ಸೇದುತ್ತಿದ್ದಳು. ನನಗೆ ಕನಿಕರ ಬರಲಿಲ್ಲ, ಕೆಟ್ಟ ಸಿಟ್ಟು ಬಂತು. ಯಾಕೆಂದರೆ ಅವಳು ಇನ್ನೊಂದು ಸ್ವಲ್ಪ ಅತ್ತಿದ್ದರೆ ನಾನೂ ಶುರು ಮಾಡುತ್ತಿದ್ದೆ. ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡು ಹಲ್ಲು ಕಚ್ಚಿ ಮಲಗಿದ್ದೆ. ಅವತ್ತು ಬೆಳಗ್ಗೆಯಷ್ಟೇ ಅಪ್ಪ ಅಮ್ಮನನ್ನು ಬಿಟ್ಟು ಬಂದ ಹುಡುಗಿ ಟ್ರಿಸ್. ಅವಳ ಅಸಹ್ಯ ಆಲ್ ಮೇಲಿನದಲ್ಲ, ತನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಅಳುವಿನ ಮೇಲಿನದು. ಲೇಖಕಿ ಇದನ್ನು ಬಿಡಿಸಿ ಹೇಳಿಲ್ಲ, ಹೇಳದಿದ್ದದ್ದೇ ಒಳ್ಳೆಯದಾಯಿತು.

ಮುಂದೆ ಅದೇ ಆಲ್ ಇನ್ನಿಬ್ಬರ ಜೊತೆ ಸೇರಿ ಇವಳ ಕಣ್ಣು ಕಟ್ಟಿ, ಕಮರಿಯ ಅಂಚಿಗೆ ಎಳೆದುಕೊಂಡು ಹೋಗುವುದನ್ನು ನೀವು ಬರೆದೇ ಇಲ್ಲ. ಅವನು ಅಳುತ್ತಾ ಕ್ಷಮೆ ಕೇಳಿದಾಗ, ಇನ್ನೊಮ್ಮೆ ಹತ್ತಿರ ಬಂದರೆ ಕೊಲ್ಲುತ್ತೇನೆ ಎನ್ನುತ್ತಾಳೆ. ಆಮೇಲೆ ಅವನು ಅದೇ ಕಮರಿಗೆ ಹಾರಿಕೊಂಡು ಸಾಯುತ್ತಾನೆ. ಎಷ್ಟೋ ಜನ ಅವಳನ್ನು ಇದೊಂದಕ್ಕೇ ಬೈಯುತ್ತಾರೆ. ಕೊಲ್ಲಲು ಎಳೆದುಕೊಂಡು ಹೋದವನನ್ನು ಮರುದಿನವೇ ಕ್ಷಮಿಸಬೇಕು ಎಂದು ಹುಡುಗಿಯರಿಗೆ ಮಾತ್ರ ಯಾಕೆ ಹೇಳುತ್ತಾರೋ.

ವಿಲ್ ವಿಷಯಕ್ಕೆ ಬಂದರೆ, ಎರಡನೆಯ ಭಾಗದ ಬಹುಪಾಲು ಅವಳಿಗೆ ಬಂದೂಕು ಹಿಡಿಯಲು ಕೈ ಬರುವುದಿಲ್ಲ. ಸತ್ಯದ ಔಷಧಿ ಚುಚ್ಚಿದಾಗ ಎಲ್ಲರೆದುರು, ಕ್ರಿಸ್ಟಿನಾ ಎದುರೂ, ಒಪ್ಪಿಕೊಳ್ಳಬೇಕಾಗುತ್ತದೆ. ಕ್ರಿಸ್ಟಿನಾ ವಿಲ್‌ನನ್ನು ಪ್ರೀತಿಸುತ್ತಿದ್ದವಳು. ಇದು ಶಿಕ್ಷೆಯಲ್ಲವೇ? ಇದರಲ್ಲಿ ವಕೀಲಿಕೆ ಎಲ್ಲಿದೆ?

ಸೀಮೆಸುಣ್ಣ:

ನಾನು ಇಂಗ್ಲಿಷ್ ಮೇಷ್ಟ್ರು, ಆದ್ದರಿಂದ ಪಾಠ ಮಾಡಿದಂತಾದರೆ ಸಹಿಸಿಕೊಳ್ಳಿ.

ಪುಸ್ತಕದಂಗಡಿಯವರ ತಕರಾರು ಹುಡುಗಿಯ ಮೇಲಿನದಲ್ಲ, ಕಥೆ ಹೇಳಿರುವ ರೀತಿಯ ಮೇಲಿನದು ಎಂದು ನನಗೆ ತೋರುತ್ತದೆ. ಟ್ರಿಸ್ ಕಥೆ ‘ನಾನು’ ಎಂದೇ ಸಾಗುತ್ತದೆ, ಅದೂ ವರ್ತಮಾನ ಕಾಲದಲ್ಲಿ. ಈ ಕ್ಷಣ ಮಾಡುತ್ತಿರುವುದನ್ನು ಈ ಕ್ಷಣವೇ ಹೇಳುವವಳಿಗೆ ಹಿಂದಿರುಗಿ ನೋಡಲು ಪುರಸೊತ್ತು ಇರುವುದಿಲ್ಲ. ಹತ್ತು ವರ್ಷದ ನಂತರ ಅದೇ ಟ್ರಿಸ್ ಮಾಲಿಯನ್ನು ಒದ್ದದ್ದನ್ನು ಹೇಳಿದ್ದರೆ ಕಥೆಯ ಧಾಟಿಯೇ ಬೇರೆಯಾಗುತ್ತಿತ್ತು.

ಆದರೆ ಎಲ್ಲ ತಪ್ಪನ್ನೂ ವರ್ತಮಾನ ಕಾಲದ ತಲೆಗೆ ಕಟ್ಟುವಂತಿಲ್ಲ. ಸುಜಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಕೂಡ ಇದೇ ರೀತಿಯದು. ಅಲ್ಲಿನ ಕ್ಯಾಟ್ನಿಸ್ ಟ್ರಿಸ್‌ಗಿಂತ ಒಂದು ಕೈ ಹೆಚ್ಚೇ. ತಂಗಿ ಮನೆಗೆ ತಂದ ಬೆಕ್ಕಿನ ಮರಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಕೊಲ್ಲಲು ನೋಡಿದ್ದೆ ಎಂದು ಆರಂಭದಲ್ಲೇ ಹೇಳಿಬಿಡುತ್ತಾಳೆ. ಮೂರನೆಯ ಪುಸ್ತಕವಾದ ‘ಮಾಕಿಂಗ್‌ಜೇ’ಯಲ್ಲಿ (2010) ಇನ್ನೂ ದೊಡ್ಡ ಅನಾಹುತ ಮಾಡುತ್ತಾಳೆ. ಅಧ್ಯಕ್ಷ ಸ್ನೋನನ್ನು ಕೊಲ್ಲುವ ಗುಪ್ತ ಆದೇಶ ತನಗಿದೆ ಎಂದು ಸುಳ್ಳು ಹೇಳಿ ಇಡೀ ತುಕಡಿಯನ್ನು ಶತ್ರುನಗರದೊಳಗೆ ಕರೆದೊಯ್ಯುತ್ತಾಳೆ. ಒಬ್ಬೊಬ್ಬರಾಗಿ ಸಾಯುತ್ತಾರೆ, ಹೊಸದಾಗಿ ಮದುವೆಯಾದ ಫಿನ್ನಿಕ್ ಕೂಡ. ಉಳಿದವರೊಂದಿಗೆ ಒಂದು ಅಂಗಡಿಯ ನೆಲಮಾಳಿಗೆಯಲ್ಲಿ ಅಡಗಿ ಕುಳಿತಾಗ ಅವಳು ಬಾಯಿಬಿಡುತ್ತಾಳೆ: ಆದೇಶವೂ ಇಲ್ಲ, ಏನೂ ಇಲ್ಲ, ಎಲ್ಲ ನಾನೇ ಕಟ್ಟಿದ್ದು. ನಮಗೆಲ್ಲ ಗೊತ್ತಿತ್ತು ಎನ್ನುತ್ತಾನೆ ಗೆಳೆಯ ಗೇಲ್. ಛಾಯಾಗ್ರಹಣ ತಂಡದ ಕ್ರೆಸಿಡಾ ತಣ್ಣಗೆ ಕೇಳುತ್ತಾಳೆ: ತುಕಡಿಯ ಜಾಕ್ಸನ್ ನಿನ್ನ ಮಾತು ನಂಬಿದ್ದಳು ಎಂದುಕೊಂಡೆಯಾ?

ಆ ಒಂದು ಮಾತಿನಿಂದ ಕ್ಯಾಟ್ನಿಸ್ ಕುಳಿತಲ್ಲೇ ಚಿಕ್ಕವಳಾಗುತ್ತಾಳೆ. ಜೊತೆಯವರು ತಮ್ಮ ಲೆಕ್ಕಾಚಾರದಿಂದಲೇ ಬಂದವರು, ಇವಳ ಕಥೆಯ ಸಾಮಾನುಗಳಲ್ಲ ಎಂಬುದು ಆಗ ಗೊತ್ತಾಗುತ್ತದೆ. ಟ್ರಿಸ್ ಸುತ್ತ ಇಂಥ ಒಬ್ಬ ಕ್ರೆಸಿಡಾ ಇಲ್ಲ. ಟೊಬಾಯಸ್ ಜಗಳವಾಡುತ್ತಾನೆ, ಆದರೆ ಅವನೂ ಕೊನೆಗೆ ಅವಳ ಹಿಂದೆಯೇ ಬರುವವನು. ‘ಅಲೀಜಿಯಂಟ್’ನಲ್ಲಿ ಅರ್ಧ ಅಧ್ಯಾಯಗಳನ್ನು ಅವನ ಬಾಯಿಂದ ಹೇಳಿಸಿದ್ದಾರೆ. ಅವನ ದನಿಯೂ ಇವಳದರಂತೆಯೇ ಇದೆ. ನಾನಂತೂ ಎಷ್ಟೋ ಸಲ ಪುಟ ಹಿಂದೆ ತಿರುಗಿಸಿ, ಈಗ ಮಾತನಾಡುತ್ತಿರುವವರು ಯಾರು ಎಂದು ಅಧ್ಯಾಯದ ತಲೆಯಲ್ಲಿರುವ ಹೆಸರು ನೋಡಬೇಕಾಯಿತು.

ಬಾಲ್ಕನಿ ಟಿಕೆಟ್:

ಪುಸ್ತಕ ಓದಿಲ್ಲ, ಶೈಲೀನ್ ವುಡ್ಲಿ ನಟಿಸಿದ ಸಿನಿಮಾಗಳನ್ನು ಮಾತ್ರ ನೋಡಿದ್ದೇನೆ. 2014ರಿಂದ 2016ರವರೆಗೆ ಮೂರು ಬಂದವು. ಕೊನೆಯ ಪುಸ್ತಕವನ್ನು ಎರಡು ಸಿನಿಮಾ ಮಾಡಲು ಹೊರಟು ಮೊದಲರ್ಧ ಓಡಲಿಲ್ಲವೆಂದು ಉಳಿದರ್ಧವನ್ನು ತೆಗೆಯಲೇ ಇಲ್ಲ. ನಮ್ಮ ಪಾಲಿಗೆ ಟ್ರಿಸ್ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ. ಈಗ ನೀವು ಅವಳನ್ನು ಸಾಯಿಸಿಬಿಟ್ಟಿರಿ.

ಬಾಡಿಗೆ ಪುಸ್ತಕದಂಗಡಿ:

ಬಾಲ್ಕನಿಯವರೇ, ಇಲ್ಲಿಗೇ ನಿಲ್ಲಿಸಿ ಎಂದು ಮೊದಲೇ ಬರೆದಿದ್ದೆ. ಈಗ ಅತ್ತು ಪ್ರಯೋಜನವಿಲ್ಲ.

ಹುಬ್ಬಳ್ಳಿಯ ಮಗಳೇ, ಆಲ್‌ನ ವಿಷಯವನ್ನು ನಾನು ಬೇಕೆಂದೇ ಬಿಟ್ಟೆ. ಅಲ್ಲಿ ಟ್ರಿಸ್ ಮೇಲೆ ನನಗೆ ಯಾವ ದೂರೂ ಇಲ್ಲ. ಕಮರಿಗೆ ತಳ್ಳಲು ಹೋದವನಿಗೆ ಆರತಿ ಎತ್ತಬೇಕಿತ್ತೇ? ಇಡೀ ಮೊದಲ ಭಾಗದಲ್ಲಿ ನನಗೆ ಅವಳು ಹಿಡಿಸಿದ್ದು ಅವನ ಅಂತ್ಯಕ್ರಿಯೆಯ ದೃಶ್ಯದಲ್ಲಿ. ಎರಿಕ್ ಎಂಬ ನಾಯಕ ಎತ್ತರದಲ್ಲಿ ನಿಂತು ಆತ್ಮಹತ್ಯೆಯೇ ದೊಡ್ಡ ಧೈರ್ಯ ಎಂದು ಭಾಷಣ ಬಿಗಿಯುತ್ತಾನೆ. ಕೆಳಗಿನವರು ಕುಡಿದ ಅಮಲಿನಲ್ಲಿ ಸತ್ತವನ ಹೆಸರು ಕೂಗುತ್ತಾರೆ. ಅವಳೊಬ್ಬಳು ರೋಸಿಹೋಗಿ ಅಲ್ಲಿಂದ ಎದ್ದು ಹೋಗುತ್ತಾಳೆ. ಅಷ್ಟು ಸ್ಪಷ್ಟವಾಗಿ ಕಂಡವಳು ಮುಂದಿನ ಎರಡು ಪುಸ್ತಕಗಳಲ್ಲಿ ತಾನೇ ಸಾವಿನ ಕಡೆಗೆ ಓಡುವಾಗ ಎರಿಕ್‌ನ ಭಾಷಣವನ್ನು ಒಮ್ಮೆಯಾದರೂ ನೆನೆಯಬೇಡವೇ? ನನ್ನ ಸಿಟ್ಟು ಇರುವುದು ಅಲ್ಲಿ.

ಹಾಸ್ಟೆಲ್‌ನ ಮೊದಲ ರಾತ್ರಿಯ ಬಗ್ಗೆ ನೀನು ಬರೆದದ್ದು ಚೆನ್ನಾಗಿದೆ. ಪುಸ್ತಕದಲ್ಲಿ ಇರುವುದಕ್ಕಿಂತ ಚೆನ್ನಾಗಿದೆ, ಅದಕ್ಕೇ ಒಪ್ಪಲು ಹಿಂಜರಿಕೆ.

ಮೇಷ್ಟ್ರೇ, ಕ್ರೆಸಿಡಾ ಮಾತು ಸರಿಯಾದ ಜಾಗಕ್ಕೆ ಬಿತ್ತು. ಒಂದು ವಿಷಯ ಹೇಳುತ್ತೇನೆ. ನನ್ನ ಅಂಗಡಿಯ ‘ಅಲೀಜಿಯಂಟ್’ ಪ್ರತಿಯಲ್ಲಿ ಅವಳು ಅಣ್ಣನಿಂದ ಚೀಲ ಕಸಿಯುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಮತ್ತೆ ಶುರು’ ಎಂದು ಬರೆದಿದ್ದಾರೆ. ಅಕ್ಷರ ದುಂಡಗಿದೆ, ಶಾಲೆಯ ಮಕ್ಕಳದೇ ಇರಬೇಕು. ಪುಸ್ತಕದಲ್ಲಿ ಗೀಚಿದವರಿಗೆ ದಂಡ ಹಾಕುವವಳು ನಾನು. ಇದನ್ನು ಅಳಿಸಲೂ ಇಲ್ಲ, ಯಾರೆಂದು ಹುಡುಕಲೂ ಇಲ್ಲ. ನನ್ನ ಪರವಾಗಿ ಊರಿನಲ್ಲಿ ಒಂದಾದರೂ ಮತವಿದೆಯಲ್ಲ.

ಹಾಸ್ಟೆಲ್ ಕಿಟಕಿ:

ಆ ಮಗು ಅವಸರದಲ್ಲಿ ಓದಿದೆ, ಮೇಡಂ. ಕೊನೆಯದು ಎರಡನೆಯ ಭಾಗದ ಪುನರಾವರ್ತನೆ ಅಲ್ಲವೇ ಅಲ್ಲ. ಎರಡನೆಯದರಲ್ಲಿ ಅವಳು ಹೋಗುವುದು ಅಪ್ಪ ಅಮ್ಮ ಸತ್ತ ದುಃಖದಲ್ಲಿ, ಒಂದು ರೀತಿಯಲ್ಲಿ ಸಾಯಲೆಂದೇ. ಮೂರನೆಯದರಲ್ಲಿ ಹೋಗುವುದು ಬದುಕಿ ಬರಲು. ಆ ವಿಷದ್ರವ್ಯವನ್ನು ತನ್ನ ಮೈ ತಡೆದುಕೊಳ್ಳಬಹುದು, ಕೇಲಬ್‌ನದು ಖಂಡಿತ ತಡೆಯದು ಎಂಬ ಲೆಕ್ಕ ಅವಳಿಗಿತ್ತು. ಲೆಕ್ಕ ಸರಿಯೂ ಆಯಿತು. ವಿಷದಿಂದ ಅವಳು ಸಾಯುವುದೇ ಇಲ್ಲ, ಒಳಗೆ ಅಲ್ಲಿನ ಮುಖ್ಯಸ್ಥ ಡೇವಿಡ್ ಪಿಸ್ತೂಲು ಹಿಡಿದು ಕುಳಿತಿದ್ದ. ಬಿಟ್ಟುಹೋಗಲು ಮನಸ್ಸಿರಲಿಲ್ಲ ಎಂದು ಟೊಬಾಯಸ್‌ಗೆ ಹೇಳು ಎಂದು ಅಣ್ಣನಿಗೆ ಹೇಳಿಯೇ ಹೋಗುತ್ತಾಳೆ.

ಇನ್ನೊಂದು ಮಾತು. ಅವಳ ಹುಟ್ಟಿದ ಬಣದಲ್ಲಿ ಒಂದು ಬೋಧನೆಯಿದೆ. ಯಾರಾದರೂ ನಿನಗಾಗಿ ಪ್ರಾಣ ಕೊಡಲು ಬಂದರೆ, ಅದು ಅವರು ಪ್ರೀತಿ ತೋರಿಸುವ ಕೊನೆಯ ದಾರಿಯಾಗಿದ್ದರೆ, ತಡೆಯಬಾರದು. ಕೇಲಬ್ ಹೊರಟದ್ದು ಪ್ರೀತಿಯಿಂದಲೋ, ತಂಗಿಯನ್ನು ಶತ್ರುಗಳಿಗೆ ಒಪ್ಪಿಸಿದ ಪಾಪಪ್ರಜ್ಞೆಯಿಂದಲೋ? ಎರಡನೆಯದು ಎಂದು ಅವಳಿಗೆ ಅನ್ನಿಸಿತು. ಹಾಗಾಗಿ ಕಳುಹಿಸಲಿಲ್ಲ. ನನ್ನನ್ನು ಮೋಸ ಮಾಡಿದ ಅಣ್ಣನಾಗಿದ್ದರೆ ನಾನು ಕಳುಹಿಸಿ ಸುಮ್ಮನಿರುತ್ತಿದ್ದೆ. ಅವಳು ನನಗಿಂತ ದೊಡ್ಡವಳು ಅನ್ನಿಸುವುದು ಅದಕ್ಕೇ.

ನಿಮ್ಮ ಅಂಗಡಿಗೆ ‘ಫೋರ್’ ತರಿಸಿಕೊಳ್ಳಿ, 2014ರಲ್ಲಿ ಬಂದ ಕಥೆಗಳ ಸಂಕಲನ. ಟೊಬಾಯಸ್ ಹೇಳುವ ಕಥೆಗಳು. ಟ್ರಿಸ್‌ಳನ್ನು ಹೊರಗಿನಿಂದ ನೋಡಬಹುದು. ಆಗಲಾದರೂ ಇಷ್ಟವಾಗುತ್ತಾಳೇನೋ.

ಬಾಡಿಗೆ ಪುಸ್ತಕದಂಗಡಿ:

ಪಾಪಪ್ರಜ್ಞೆಯೇ ಇರಲಿ, ಅದು ಕೇಲಬ್‌ನದು. ಮಾಡಿದ ಪಾಪವನ್ನು ತೀರಿಸಿಕೊಳ್ಳಲು ಅವನಿಗೆ ಸಿಕ್ಕ ಒಂದೇ ಅವಕಾಶ. ಅದನ್ನೂ ತಂಗಿ ಪಿಸ್ತೂಲು ತೋರಿಸಿ ಕಿತ್ತುಕೊಂಡಳು. ಇನ್ನು ಆ ಹುಡುಗ ಜೀವಮಾನವೆಲ್ಲ ಎರಡು ಸಾಲ ಹೊತ್ತು ತಿರುಗಬೇಕು. ಮೊದಲನೆಯದು ಅವನು ಮಾಡಿದ್ದು, ಎರಡನೆಯದು ಅವಳು ಹೊರಿಸಿದ್ದು. ವಿಷದ ಲೆಕ್ಕವೇನೋ ಸರಿ. ಅಷ್ಟು ಸರಿಯಾದ ಲೆಕ್ಕವನ್ನು ಹಿಂದಿನ ರಾತ್ರಿ ಎಲ್ಲರ ಮುಂದೆ ಇಟ್ಟಿದ್ದರೆ ಟೊಬಾಯಸ್ ನಗರದಲ್ಲಿ ಬೇರೆ ಕೆಲಸದ ಮೇಲೆ ಇದ್ದಾಗ ಇದೆಲ್ಲ ನಡೆಯಬೇಕಾಗಿರಲಿಲ್ಲ.

‘ಫೋರ್’ ತರಿಸುತ್ತೇನೆ, ಮಕ್ಕಳು ಹೇಗೂ ಕೇಳುತ್ತಾರೆ. ಆದರೆ ಅವಳನ್ನು ಪ್ರೀತಿಸುವವನ ಕಣ್ಣಿನಿಂದ ನೋಡಿದರೆ ನನ್ನ ಕಾಯಿಲೆ ವಾಸಿಯಾಗುತ್ತದೆಂಬ ನಂಬಿಕೆ ಇಲ್ಲ. ನನಗೆ ಬೇಕಾಗಿರುವುದು ಕ್ರಿಸ್ಟಿನಾ ಹೇಳುವ ಕಥೆ. ಪ್ರೀತಿಸಿದವನನ್ನು ಕೊಂದವಳ ಜೊತೆಗೇ ಕೊನೆಯವರೆಗೂ ನಡೆದವಳು. ಅದೂ ಸತ್ಯದ ಬಣದಲ್ಲಿ ಹುಟ್ಟಿದವಳು, ಇದ್ದದ್ದನ್ನು ಇದ್ದ ಹಾಗೆ ಹೇಳಿಯಾಳು. ಅಂಥದ್ದನ್ನು ಯಾರಾದರೂ ಬರೆದರೆ ನನಗೆ ತಿಳಿಸಿ, ಎರಡು ಪ್ರತಿ ಕೊಳ್ಳುತ್ತೇನೆ.