1967ರ ಎಂಜಿಬಿಗೆ ಯಾವ ಅಳತೆಯ ಟೈರ್ ಹಾಕಿಸಲಿ? ಕಡ್ಡಿ ಗಾಲಿ ಇವೆ, ಊರು ಕಲಬುರಗಿ

ಗಣಿತ ಟೀಚರ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಕಾಕಾರ ಹತ್ತಿರ 1967ರ ಎಂಜಿಬಿ ಇದೆ. ಬ್ರಿಟನ್ನಿನ ಸ್ಪೋರ್ಟ್ಸ್ ಕಾರು, ಎರಡು ಸೀಟಿನ ತೆರೆದ ಗಾಡಿ. 1978ರಲ್ಲಿ ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಸಣ್ಣವಳಿದ್ದಾಗ ಅದರಲ್ಲಿ ಕುಳಿತು ಶರಣಬಸವೇಶ್ವರ ಜಾತ್ರೆಗೆ ಹೋಗಿದ್ದು ನನಗೆ ಇವತ್ತಿಗೂ ನೆನಪಿದೆ. ಆಮೇಲೆ ಕಾಕಾರ ಕಣ್ಣು ಮಂಜಾಯಿತು. ಬ್ರಹ್ಮಪುರದ ಹಳೇ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗಿನ ತಗಡಿನ ಶೆಡ್ಡಿನಲ್ಲಿ ಗಾಡಿ 11 ವರ್ಷ ನಿಂತುಬಿಟ್ಟಿತು.

ಇಂಜಿನ್ ಈಗ ಚೆನ್ನಾಗಿದೆ. ಅಂಬಾಸಿಡರ್ ಕೆಲಸ ಮಾಡುತ್ತಿದ್ದ ಹಿರಿಯ ಮಿಸ್ತ್ರಿಯೊಬ್ಬರು ಬಾನೆಟ್ ಎತ್ತಿ ನೋಡಿದವರೇ "ಇದು ನಮ್ಮದೇ ಇಂಜಿನ್ ಮೇಡಂ, ಸ್ವಲ್ಪ ದೊಡ್ಡದು ಅಷ್ಟೇ" ಎಂದರು. ಅವರು ಹೇಳಿದ್ದು ನಿಜ. ಹಳೇ ಅಂಬಾಸಿಡರ್‌ನ 1489 ಸಿಸಿ, ಇದರ 1798 ಸಿಸಿ, ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಮನೆತನದವು. ಎರಡು ತಿಂಗಳಲ್ಲಿ ಸ್ಟಾರ್ಟ್ ಮಾಡಿಕೊಟ್ಟರು.

ತೊಂದರೆ ಇರುವುದು ಟೈರಿನಲ್ಲಿ. ಮುಂದಿನ ಎಡಕ್ಕೆ 175/70 ಆರ್ 14 ಇದೆ. ಮುಂದಿನ ಬಲಕ್ಕೆ ಪದ್ಮಿನಿ ಕಾರಿನ 5.20-14, ಅದೂ ನೈಲಾನ್ ಟೈರು. ಹಿಂದೆ ಎರಡೂ 165/80 ಆರ್ 14, ಆದರೆ ಬೇರೆ ಬೇರೆ ಕಂಪನಿಯವು. ಯಾವಾಗ ಏನು ಸಿಕ್ಕಿತೋ ಅದನ್ನು ಹಾಕಿಸಿಕೊಂಡು ಬಂದಿದ್ದಾರೆ. ಹೋದ ವಾರ ಸೇಡಂ ರೋಡಿಗೆ ಒಯ್ದಿದ್ದೆ. 50 ದಾಟಿದ ಕೂಡಲೇ ಗಾಡಿ ಒಂದು ಕಡೆ ಎಳೆಯತೊಡಗಿತು. ಬ್ರೇಕ್ ಒತ್ತಿದರೆ ಇನ್ನೂ ಜಾಸ್ತಿ. ಮನೆಗೆ ಬಂದು ನೋಡಿದರೆ ಮುಂದಿನ ಎಡ ಟೈರಿನ ಪಕ್ಕೆಯಲ್ಲಿ ಲಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತ್ತು. ಹಿಂದಿನವು ಮಾತ್ರ ನೋಡಲಿಕ್ಕೆ ಹೊಸದರಂತಿವೆ, ಬಟನ್ (ರಸ್ತೆಗೆ ತಾಗುವ ರಬ್ಬರ್ ಕಚ್ಚು) ಪೂರ್ತಿ ಉಳಿದಿದೆ. ಒಂದರ ಮೇಲೆ 2306 ಎಂದು ನಾಲ್ಕು ಅಂಕಿ ಇವೆ.

ಒಂದು ಅಂಗಡಿಯಲ್ಲಿ "195/60 ಹಾಕಿಸಿ, ಅಗಲ ಇರುತ್ತದೆ, ಸ್ಪೋರ್ಟ್ಸ್ ಕಾರ್ ಅಲ್ವಾ" ಎಂದರು. ಮನೆಗೆ ಬಂದು ಲೆಕ್ಕ ಮಾಡಿದೆ. 14 ಇಂಚಿನ ರಿಮ್ಮು ಅಂದರೆ 355.6 ಮಿ.ಮೀ. ಟೈರಿನ ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಅದರಲ್ಲಿ ಶೇ 60, ಅಂದರೆ 117. ಮೇಲೊಂದು, ಕೆಳಗೊಂದು ಕೂಡಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 590. ಅದೇ 165/80ಕ್ಕೆ ಲೆಕ್ಕ ಹಾಕಿದರೆ ಸುಮಾರು 620. ಅಂದರೆ 195/60 ಹಾಕಿಸಿದರೆ ಗಾಡಿಯ ಹೊಟ್ಟೆ 15 ಮಿ.ಮೀ. ನೆಲಕ್ಕೆ ಹತ್ತಿರ ಬರುತ್ತದೆ. ಈಗಲೇ ನಮ್ಮ ಓಣಿಯ ಸ್ಪೀಡ್ ಬ್ರೇಕರ್‌ಗೆ ಸೈಲೆನ್ಸರ್ ಪೈಪು ತಾಗುತ್ತದೆ. ಹಳ್ಳಿಗಳಲ್ಲಿ ಕೆಲವು ಸ್ಪೀಡ್ ಬ್ರೇಕರ್ ಹೊಲದ ಬದುವಿನ ಹಾಗೆ ಇರುತ್ತವೆ, ನೀವೂ ನೋಡಿದ್ದೀರಿ.

ಇನ್ನೊಂದು ಕಡೆ ಕಡ್ಡಿ ಗಾಲಿಯನ್ನೇ ತೆಗೆಸಿ 15 ಇಂಚಿನ ಅಲಾಯ್ ಹಾಕಿಸಿ ಎಂದರು. ಅದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಕಾಕಾರಿಗೆ ಈಗ 81. ಪ್ರತಿ ದಿನ ಬೆಳಿಗ್ಗೆ ಹೋಗಿ ಆ ಗಾಲಿಗಳನ್ನು ಕೈಯಿಂದ ಮುಟ್ಟಿ ಬರುತ್ತಾರೆ. "ಒಮ್ಮೆ ಇದರಲ್ಲೇ ಗಾಣಗಾಪುರಕ್ಕೆ ಕರಕೊಂಡು ಹೋಗವ್ವ" ಎಂದು ಕೇಳಿದ್ದಾರೆ. ಬಿಸಿಲು ಏರುವ ಮೊದಲು ಹೋಗಿ ಬರಬೇಕು.

165/80, 175/70, 185/70, ಇವುಗಳಲ್ಲಿ ಯಾವುದು ಸರಿ?

ಬೀದರ್ ಹೆರಾಲ್ಡ್

ಟೀಚರ್, ಮೊದಲು ಆ ಗಾಡಿಯನ್ನು ಹೊರಗೆ ತೆಗೆಯುವುದು ನಿಲ್ಲಿಸಿ. ಒಂದು ಕಿಲೋಮೀಟರ್ ಕೂಡ ಬೇಡ.

ನಾನು ಏರ್‌ಫೋರ್ಸಿನಲ್ಲಿ ವಿಮಾನದ ಕೆಳಗೆ ಮಲಗಿ ಕೆಲಸ ಮಾಡಿದವನು. ಅಲ್ಲಿ ಟೈರಿನ ಮೇಲೆ ಸಣ್ಣ ಗುಳ್ಳೆ ಕಂಡರೂ ವಿಮಾನ ಏಳುತ್ತಿರಲಿಲ್ಲ. ಗುಳ್ಳೆ ಅಂದರೆ ಒಳಗಿನ ನೂಲು ಹರಿದಿದೆ, ಬರೀ ರಬ್ಬರ್ ಗಾಳಿಯನ್ನು ಹಿಡಿದು ನಿಂತಿದೆ ಎಂದರ್ಥ.

2306 ಅಂದರೆ 2006ನೇ ಇಸವಿಯ 23ನೇ ವಾರ ತಯಾರಾದದ್ದು. ಬಟನ್ ಎಷ್ಟೇ ಇರಲಿ, ಆ ರಬ್ಬರ್ ಸತ್ತು ಹೋಗಿದೆ. ನಮ್ಮ ಕಡೆಯ ಬಿಸಿಲಿಗೆ ನಿಂತ ಗಾಡಿಯ ಟೈರೇ ಬೇಗ ಬಿರಿಯುತ್ತದೆ. ನಾಲ್ಕೂ ಬದಲಿಸಿ, ಸ್ಟೆಪ್ನಿಯನ್ನೂ ಮರೆಯಬೇಡಿ.

ಎಳೆಯುವುದಕ್ಕೆ ಕಾರಣ ಮುಂದಿನ ಜೋಡಿ. ನೈಲಾನ್ ಟೈರಿನಲ್ಲಿ ನೂಲು ಓರೆಯಾಗಿ, ಒಂದರ ಮೇಲೊಂದು ಅಡ್ಡ ಹಾಯುತ್ತದೆ. ಪಕ್ಕೆ ಬಿರುಸು. ಎಡಗಡೆಯದು ರೇಡಿಯಲ್, ಅಳತೆಯಲ್ಲಿರುವ ಆರ್ ಅಂದರೆ ಅದೇ. ರೇಡಿಯಲ್‌ನ ಪಕ್ಕೆ ಮೆತ್ತಗೆ, ಅದು ಬಾಗಿದರೂ ಬಟನ್ ರಸ್ತೆಯ ಮೇಲೆ ಚಪ್ಪಟೆಯಾಗಿಯೇ ಕೂರುತ್ತದೆ. ಇವೆರಡೂ ರಸ್ತೆಯನ್ನು ಹಿಡಿಯುವ ರೀತಿಯೇ ಬೇರೆ. ಒಂದೇ ಆಕ್ಸಲ್ಲಿಗೆ ಎರಡನ್ನೂ ಹಾಕಿದರೆ ಗಾಡಿ ಎಳೆಯದೇ ಇನ್ನೇನು ಮಾಡುತ್ತದೆ?

ಈಗ ಅಳತೆ. ಎಂಜಿಬಿ 1962ರಲ್ಲಿ ಬಂದಾಗ 5.60-14 ಇತ್ತು, ನೀವು ನೈಲಾನ್ ಅನ್ನುವ ಜಾತಿಯೇ. ರೇಡಿಯಲ್ ಬೇಕೆಂದವರಿಗೆ 155-14 ಕೊಡುತ್ತಿದ್ದರು. 1965ರಲ್ಲಿ ಮುಚ್ಚಿದ ತಲೆಯ ಜಿಟಿ ಬಂತು, ಅದು ಭಾರ ಜಾಸ್ತಿ, ಅದಕ್ಕೆ 165-14 ಕೊಟ್ಟರು. ಆ ಕಾಲದ ರೇಡಿಯಲ್ ಮೇಲೆ ಎರಡನೇ ಅಂಕಿ ಇರುವುದಿಲ್ಲ. ಎತ್ತರ ಅಗಲದ ಶೇ 80ರ ಆಸುಪಾಸು ಎಂದು ಹಿಡಿಯಬೇಕು. ಹಾಗಾಗಿ ನಿಮ್ಮ 165/80 ಆರ್ 14 ಕಾರ್ಖಾನೆಯ ಅಳತೆಗೆ ತೀರಾ ಹತ್ತಿರ. ಸ್ವಿಫ್ಟ್, ಡಿಜೈರ್‌ಗಳ ಕೆಳಗಿನ ಮಾಡೆಲ್‌ಗೆ ಬರುವುದೂ ಇದೇ ಅಳತೆ, ಕಲಬುರಗಿಯಲ್ಲೇ ಸಿಗುತ್ತದೆ.

185/70 ಯಾಕೆ ಬೇಡ ಅಂತ ಹೇಳುತ್ತೇನೆ. ನಿಮ್ಮ 60 ಕಡ್ಡಿಯ ಗಾಲಿಯ ರಿಮ್ಮು 4.5 ಇಂಚು ಅಗಲ. 185/70ಕ್ಕೆ ಅದು ಕೊನೇ ಮಿತಿ. ಟೈರಿನ ಬಾಯಿ ಕಿರಿದಾಗಿ ನಡು ಉಬ್ಬುತ್ತದೆ, ನಡುವಿನ ಬಟನ್ ಬೇಗ ಸವೆಯುತ್ತದೆ. ಇಬ್ಬರು ಕುಳಿತು ಹಿಂದೆ ಸಾಮಾನು ಇಟ್ಟರೆ ಹಿಂದಿನ ಮಡ್‌ಗಾರ್ಡಿನ ಒಳ ಅಂಚಿಗೆ ಉಜ್ಜುವುದೂ ಈ ಗಾಡಿಗಳಲ್ಲಿ ಹಳೇ ದೂರು. 195/60 ಅಂತೂ ಆ ರಿಮ್ಮಿಗೆ ಬರುವುದೇ ಇಲ್ಲ. ಇನ್ನು ಪವರ್ ಸ್ಟೀರಿಂಗ್ ಇಲ್ಲದ ಗಾಡಿ ಇದು. ಅಗಲ ಜಾಸ್ತಿಯಾದಷ್ಟೂ ಸೂಪರ್ ಮಾರ್ಕೆಟ್ ಸಂದಿಯಲ್ಲಿ ಗಾಡಿ ತಿರುಗಿಸುವಾಗ ನಿಮ್ಮ ತೋಳು ಬೀಳುತ್ತದೆ.

175/70 ಕೂರುತ್ತದೆ. ಆದರೆ ಎತ್ತರ ಸುಮಾರು 600 ಆಗುತ್ತದೆ, ಅಂದರೆ ಮತ್ತೆ 10 ಮಿ.ಮೀ. ಕೆಳಗೆ. ನಿಮ್ಮ ಸೈಲೆನ್ಸರ್ ನೆನಪಿಸಿಕೊಳ್ಳಿ.

165/80 ತಗೊಳ್ಳಿ. ಕಣ್ಣು ಮುಚ್ಚಿ ತಗೊಳ್ಳಿ, ಆದರೆ ತಯಾರಾದ ವಾರ ಮಾತ್ರ ಕಣ್ಣು ತೆರೆದು ನೋಡಿ.

ವಾಡಿ ಜಂಕ್ಷನ್

ಅಕ್ಕಾ, ಬೀದರ್ ಸರ್ ಹೇಳಿದ್ದರಲ್ಲಿ ಬಹಳ ಮಟ್ಟಿಗೆ ಒಪ್ಪುತ್ತೇನೆ. ಒಂದು ವಿಷಯದಲ್ಲಿ ಮಾತ್ರ ನನಗೆ ಭಯ ಇದೆ. ಕಡ್ಡಿ ಗಾಲಿಗೆ ಟ್ಯೂಬ್ ಬೇಕೇ ಬೇಕು. ಕಡ್ಡಿಯ ತಲೆಗಳು ರಿಮ್ಮು ತೂರಿ ಬರುತ್ತವೆ, ಆ ಸಂದಿನಿಂದ ಗಾಳಿ ಹೋಗುತ್ತದೆ. ಟ್ಯೂಬ್‌ಲೆಸ್‌ಗೆ ಮೊಳೆ ಚುಚ್ಚಿದರೆ ಮೆಲ್ಲಗೆ ಇಳಿಯುತ್ತದೆ, ಮನೆ ಮುಟ್ಟಬಹುದು. ಟ್ಯೂಬಿನದು ಒಂದೇ ಸಲಕ್ಕೆ ಇಳಿಯುತ್ತದೆ. ಕಾಕಾರನ್ನು ಕೂರಿಸಿಕೊಂಡು ಹೋಗುವವರು ನೀವು. ಇಲ್ಲಿ ಸಿಮೆಂಟ್ ಲಾರಿಗಳ ರಸ್ತೆಯಲ್ಲಿ ವಾರಕ್ಕೊಮ್ಮೆ ಮೊಳೆ ತೆಗೆಸುತ್ತೇನೆ ನಾನು.

185/65 ಆರ್ 15 ಲೆಕ್ಕ ಹಾಕಿ ನೋಡಿ. ಒಟ್ಟು ಎತ್ತರ 621 ಬರುತ್ತದೆ, 165/80ರಷ್ಟೇ. ಗಾಡಿ ಕೆಳಗೆ ಇಳಿಯುವುದಿಲ್ಲ, ಟ್ಯೂಬಿನ ಕಾಟವೂ ಇಲ್ಲ.

ಬೀದರ್ ಹೆರಾಲ್ಡ್

ತಮ್ಮ, ನಿನ್ನ ಲೆಕ್ಕ ಸರಿ ಇದೆ. ಟ್ಯೂಬಿನ ಬಗ್ಗೆ ಹೇಳಿದ್ದೂ ನಿಜ. ಆದರೆ ಗಾಲಿ ಕೂರಿಸುವುದು ಎಲ್ಲಿ? ಈ ಗಾಡಿಯ ಹಬ್ಬಿನಲ್ಲಿ, ಅಂದರೆ ಗಾಲಿ ಕೂರುವ ನಡುವಿನ ಗುಂಬದಲ್ಲಿ, ಬೋಲ್ಟೇ ಇಲ್ಲ. ಹಲ್ಲು ಹಲ್ಲಾಗಿರುವ ಹಬ್ ಮೇಲೆ ಗಾಲಿ ಕೂತು, ನಡುವೆ ಒಂದೇ ರೆಕ್ಕೆ ನಟ್ಟು ಬಿಗಿಯುತ್ತದೆ. ಅಲಾಯ್ ಬೇಕಾದರೆ ಮುಂದಿನ ಹಬ್ ಬದಲಿಸಬೇಕು, ಹಿಂದಿನ ಆಕ್ಸಲ್ಲನ್ನೂ ಬದಲಿಸಬೇಕು. ಬದಲಿಸಿದರೂ ಎಂಜಿಬಿಯ ನಾಲ್ಕು ಬೋಲ್ಟಿನ ಸುತ್ತಳತೆಯ ವ್ಯಾಸ 114.3 ಮಿ.ಮೀ. ನಮ್ಮ ಹೆಚ್ಚಿನ ಸಣ್ಣ ಕಾರುಗಳದ್ದು 100. ತೂತು ಕೊರೆಸಿ ಕೂರಿಸುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ ಟೀಚರ್.

ಟ್ಯೂಬ್ ಹಾಕುವಾಗ ನಿಂತು ಮಾಡಿಸಿ. ಈಗ ಸಿಗುವ 165/80 ಟ್ಯೂಬ್‌ಲೆಸ್ ಟೈರೇ, ಒಳಗೆ ಟ್ಯೂಬ್ ಹಾಕಬಹುದು. ಒಳ ಮೈಗೆ ಕಾಗದದ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅದನ್ನು ಪೂರ್ತಿ ಕೆರೆದು ತೆಗೆಸಿ. ಇಲ್ಲದಿದ್ದರೆ ಅದೇ ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಪೌಡರ್ ಹಾಕಿಸಿ. ರಿಮ್ಮಿನ ಒಳಗೆ ಕಡ್ಡಿಯ ತಲೆಗಳ ಮೇಲೆ ರಬ್ಬರ್ ಪಟ್ಟಿ ಇರಲೇಬೇಕು. ಪದ್ಮಿನಿಯ 5.20-14 ಟ್ಯೂಬ್ ಸುಲಭವಾಗಿ ಸಿಕ್ಕರೂ ಬೇಡ, 165ರ ಒಳಗೆ ಅದು ಹಿಗ್ಗಿ ತೆಳ್ಳಗಾಗುತ್ತದೆ. ರೇಡಿಯಲ್ ಎಂದು ಬರೆದ ಟ್ಯೂಬನ್ನೇ ತರಿಸಿ.

ಗಣಿತ ಟೀಚರ್, ಕಲಬುರಗಿ

ಸರ್, ವಾಡಿ ತಮ್ಮ, ಇಬ್ಬರಿಗೂ ಬಹಳ ಧನ್ಯವಾದ. ಇವತ್ತೇ ಗಾಡಿಯನ್ನು ಇಟ್ಟಿಗೆ ಮತ್ತು ಮರದ ತುಂಡಿನ ಮೇಲೆ ನಿಲ್ಲಿಸಿ ಗಾಲಿ ಬಿಚ್ಚಿಸಿದೆ. ಕಾಕಾ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕುಳಿತಿದ್ದರು. ಮಿಸ್ತ್ರಿ ಬಲಗಡೆಯ ನಟ್ಟನ್ನು ಎಷ್ಟು ಹೊಡೆದರೂ ಬಿಡಲಿಲ್ಲ. ಕಾಕಾ ಕಣ್ಣು ಕಾಣದಿದ್ದರೂ ಸಪ್ಪಳ ಕೇಳಿಯೇ "ತಿರುಗಾ ಹೊಡಿ, ಅದು ಉಲ್ಟಾ ಥ್ರೆಡ್" ಎಂದರು. ಎರಡೇ ಏಟಿಗೆ ಬಿಟ್ಟಿತು.

ಒಂದು ಗಾಲಿಯನ್ನು ಕೈಯಲ್ಲಿ ತಿರುಗಿಸಿದರೆ ಹಾವಿನಂತೆ ಅಲ್ಲಾಡುತ್ತದೆ. ಮೂರು ಕಡ್ಡಿ ಸಡಿಲ ಇವೆ. ಟೈರ್ ಅಂಗಡಿಯವರು ಈ ಗಾಲಿ ನಮ್ಮ ಬ್ಯಾಲೆನ್ಸಿಂಗ್ ಮಷೀನಿಗೆ ಕೂರುವುದಿಲ್ಲ ಎಂದರು. ಏನು ಮಾಡಲಿ?

ಸೈಕಲ್ ಅಂಗಡಿ, ಯಾದಗಿರಿ

ಮೇಡಂ ನಮಸ್ಕಾರ. ನಮ್ಮ ಅಪ್ಪ ಸೈಕಲ್ ಅಂಗಡಿ ಇಟ್ಟವರು, ನಾನೂ ಅದನ್ನೇ ನಡೆಸುತ್ತೇನೆ. ಕಾರಿನ ಕಡ್ಡಿ ಗಾಲಿ ನಾಲ್ಕಾರು ರಿಪೇರಿ ಮಾಡಿದ್ದೇನೆ. ಕೆಲಸದ ರೀತಿ ಸೈಕಲ್ಲಿನದೇ, ಬಲ ಮಾತ್ರ ಜಾಸ್ತಿ ಬೇಕು.

ಒಂದು ಸಣ್ಣ ಸ್ಪ್ಯಾನರ್ ತಗೊಂಡು ಒಂದೊಂದೇ ಕಡ್ಡಿಗೆ ಮೆಲ್ಲಗೆ ತಟ್ಟಿ. ಟಣ್ ಅಂದರೆ ಬಿಗಿ ಇದೆ. ದಪ್ ಅಂದರೆ ಸಡಿಲ. ಸಡಿಲ ಇದ್ದದ್ದನ್ನಷ್ಟೇ ಬಿಗಿ ಮಾಡಬೇಡಿ. ಎದುರಿನ ಕಡ್ಡಿಯನ್ನೂ ನೋಡಿಕೊಂಡು, ಕಾಲು ಸುತ್ತು ಕಾಲು ಸುತ್ತು ಬಿಗಿಯುತ್ತಾ ಗಾಲಿ ತಿರುಗಿಸಿ ನೋಡಬೇಕು. ಬಿಗಿದ ಮೇಲೆ ಕಡ್ಡಿಯ ತುದಿ ರಿಮ್ಮಿನ ಒಳಗೆ ಇಣುಕಿದರೆ ಅರದಿಂದ ಉಜ್ಜಿ ಸಮ ಮಾಡಿ, ಇಲ್ಲದಿದ್ದರೆ ಅದೇ ಟ್ಯೂಬಿಗೆ ಮೊಳೆ. ಇದನ್ನೆಲ್ಲ ಟೈರ್ ಹಾಕಿಸುವ ಮೊದಲೇ ಮಾಡಬೇಕು.

ಬ್ಯಾಲೆನ್ಸಿಂಗ್‌ಗೆ ಎರಡು ಕಡೆಯಿಂದಲೂ ಕೋನ್ ಒತ್ತಿ ಹಿಡಿಯಬೇಕು. ಒಳಗಡೆಯ ಇಳಿಜಾರಿಗೆ ಒಂದು, ಹೊರಗಡೆಗೆ ಒಂದು. ಲೇತ್‌ನವರಿಗೆ ಗಾಲಿ ಒಯ್ದು ತೋರಿಸಿ, ಆ ಅಳತೆಗೆ ಕೋನ್ ಕಡೆದು ಕೊಡುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಹಬ್ಬಿನ ಹಲ್ಲು ನೋಡಿದಿರಾ? ಗಾಲಿ ಹಾಕಿ, ಬ್ರೇಕ್ ಒತ್ತಿ ಹಿಡಿದು, ಇನ್ನೊಬ್ಬರಿಂದ ಗಾಲಿಯನ್ನು ಹಿಂದೆ ಮುಂದೆ ಜಗ್ಗಿಸಿ. ಟಕ್ ಟಕ್ ಅಂದರೆ ಹಲ್ಲು ಸವೆದಿದೆ. ಹಾಗಿದ್ದರೆ ಗಾಲಿ ಮತ್ತು ಹಬ್ ಜೊತೆಯಾಗಿಯೇ ಬದಲಿಸಿ. ಸವೆದದ್ದರ ಮೇಲೆ ಹೊಸದನ್ನು ಹಾಕಿದರೆ ಹೊಸದನ್ನೂ ತಿನ್ನುತ್ತದೆ. ಹಲ್ಲಿಗೆ ತೆಳ್ಳಗೆ ಗ್ರೀಸ್ ಹಚ್ಚಿ. ಎಡ ಬಲದ ನಟ್ಟು ಅದಲು ಬದಲು ಆಗದ ಹಾಗೆ ಪೇಂಟಿನಿಂದ ಗುರುತು ಮಾಡಿ, ತಪ್ಪಿದರೆ ಓಡುವಾಗಲೇ ನಟ್ಟು ಸಡಿಲಾಗುತ್ತದೆ.

ಗಣಿತ ಟೀಚರ್, ಕಲಬುರಗಿ

ಏಳು ವಾರ ಆಯಿತು. ಹೇಳುವುದು ಬಹಳ ಇದೆ.

165/80 ಆರ್ 14 ಐದು ಟೈರ್ ತಂದೆ. ಮೊದಲು ತೋರಿಸಿದ್ದರಲ್ಲಿ ಎರಡು ಟೈರ್ ನಾಲ್ಕು ವರ್ಷ ಹಳೇವು ಇದ್ದವು. ಅಂಕಿ ಓದಿ ವಾಪಸ್ ಮಾಡಿದೆ, ಹೊಸವು ಕೊಟ್ಟರು. ಟೈರ್ ಮೇಲೆ 85 ಟಿ ಎಂದಿದೆ. 85 ಅಂದರೆ ಒಂದು ಟೈರಿಗೆ 515 ಕೆಜಿ, ಟಿ ಅಂದರೆ 190ರ ವೇಗದವರೆಗೆ. ಸುಮಾರು 920 ಕೆಜಿಯ ಗಾಡಿಗೆ ಬೇಕಾದಷ್ಟಾಯಿತು. ಸ್ಟಿಕ್ಕರ್‌ಗಳನ್ನು ನಾನೇ ಕುಳಿತು ಬಿಸಿನೀರಿನ ಬಟ್ಟೆ ಇಟ್ಟು ಕೆರೆದೆ. ಗಾಲಿಗಳನ್ನು ಬಸ್ಸಿನಲ್ಲಿ ಯಾದಗಿರಿಗೆ ಕಳಿಸಿದ್ದೆ. ಅಣ್ಣಾರು ತಿದ್ದಿ ಕಳಿಸಿದ್ದಾರೆ, ಈಗ ತಿರುಗಿಸಿದರೆ ನೆಟ್ಟಗೆ ನಿಂತ ಹಾಗೆ ಕಾಣುತ್ತದೆ.

ಗಾಳಿ ಎಷ್ಟಿರಬೇಕು ಅಂತ ಬೀದರ್ ಸರ್‌ಗೆ ಫೋನಿನಲ್ಲಿ ಕೇಳಿದೆ. ಹಳೇ ಕೈಪಿಡಿಯಲ್ಲಿ ರೇಡಿಯಲ್‌ಗೆ ಮುಂದೆ 21, ಹಿಂದೆ 24 ಇದೆ. ನಮ್ಮ ರಸ್ತೆಯ ಗುಂಡಿಗೆ ರಿಮ್ಮು ಬಡಿಯಬಾರದು ಎಂದು 25 ಮತ್ತು 27 ಇಡಲು ಹೇಳಿದರು. ಬೆಳಿಗ್ಗೆ ತಣ್ಣಗಿದ್ದಾಗ ನೋಡಿ ಹಾಕಿದೆ.

ಹೋದ ಭಾನುವಾರ ಆರು ಗಂಟೆಗೆ ಹೊರಟೆವು. ಚೌಡಾಪುರದ ಮೇಲೆ ಗಾಣಗಾಪುರ, ಸುಮಾರು 40 ಕಿ.ಮೀ. ಸ್ಟೀರಿಂಗ್ ಒಂದು ಬೆರಳಿನಷ್ಟೂ ಎಳೆಯಲಿಲ್ಲ. ಮೀಟರ್ ಮೈಲಿಯಲ್ಲಿದೆ. ಅದು 40 ತೋರಿಸಿದಾಗ ಫೋನಿನಲ್ಲಿ 62 ಕಿ.ಮೀ. ಇತ್ತು. 40 ಮೈಲಿ ಅಂದರೆ 64, ಹಾಗಾಗಿ ತೀರಾ ಹತ್ತಿರ. ದಾರಿಯಲ್ಲಿ ಒಂದೇ ಒಂದು ಸ್ಪೀಡ್ ಬ್ರೇಕರ್‌ಗೆ ಪೈಪು ತಾಗಿತು, ಉಳಿದವನ್ನು ಓರೆಯಾಗಿ ದಾಟಿಸಿದೆ. ಅರ್ಧ ದಾರಿಯಲ್ಲಿ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ತಾಮ್ರದ ಸುತ್ತಿಗೆಯಿಂದ ತಟ್ಟಿದೆ. ಕಾಕಾ ಗಾಳಿಗೆ ಮುಖ ಕೊಟ್ಟು ಕುಳಿತಿದ್ದರು. ಸಂಗಮದ ಹತ್ತಿರ ಇಳಿದ ಮೇಲೆ ನಾಲ್ಕೂ ಟೈರ್ ಮುಟ್ಟಿ ನೋಡಿ, "ಎಲ್ಲಾ ಒಂದೇ ಬಿಸಿ ಇವೆ" ಎಂದರು.

ಹಿಂದಿನ ಎಡಗಡೆ ಮಾತ್ರ ಟಕ್ ಅನ್ನುತ್ತದೆ. ಯಾದಗಿರಿ ಅಣ್ಣಾರು ಹೇಳಿದ ಹಾಗೆ ಹಲ್ಲು ಸವೆದಿದೆ. ಹಬ್ ಮತ್ತು ಗಾಲಿ ಜೋಡಿಯಾಗಿಯೇ ಹೊರಗಿನಿಂದ ತರಿಸುತ್ತಿದ್ದೇನೆ. ಅವು ಬರುವವರೆಗೆ ಗಾಡಿ ಬೇವಿನ ಮರದ ಕೆಳಗೆ ಮರದ ತುಂಡಿನ ಮೇಲೆ ಇರುತ್ತದೆ.