ದೂರದ ಕಂಪ್ಯೂಟರ್‌ಗೆ ಕಮಾಂಡ್ ಕೊಟ್ಟರೆ ‘ಆಕ್ಸೆಸ್ ಡಿನೈಡ್’: ಅನುಭವವಿದ್ದವರು ತಿಳಿಸಿ

ಪ್ರಶ್ನೆ

ಡೊಮೇನ್ (ಖಾತೆಗಳನ್ನೆಲ್ಲ ಒಂದೇ ಸರ್ವರ್‌ನಿಂದ ನಿಯಂತ್ರಿಸುವ ವ್ಯವಸ್ಥೆ) ಇಲ್ಲದೆ, ಪ್ರತಿ ಕಂಪ್ಯೂಟರ್‌ಗೂ ತನ್ನದೇ ಖಾತೆಗಳಿರುವ ವರ್ಕ್‌ಗ್ರೂಪ್‌ನಲ್ಲಿರುವ ಹನ್ನೆರಡು ವಿಂಡೋಸ್ ಕಂಪ್ಯೂಟರ್‌ಗಳ ನಿರ್ವಹಣೆ ನನ್ನದು. ದೂರದ ಕಂಪ್ಯೂಟರ್‌ನಲ್ಲಿ ಕಮಾಂಡ್ ಓಡಿಸುವ ಪಿಎಸ್‌ಎಕ್ಸೆಕ್ ಎಂಬ ಸಾಧನದ ಮೂಲಕ ಯಾವ ಕಮಾಂಡ್ ಕೊಟ್ಟರೂ ‘ಆಕ್ಸೆಸ್ ಈಸ್ ಡಿನೈಡ್’ ಎಂದೇ ಬರುತ್ತಿದೆ. ಬಳಸುತ್ತಿರುವ ಖಾತೆ ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿದೆ, ಆ ಕಂಪ್ಯೂಟರ್‌ಗಳ ಮುಂದೆಯೇ ಕುಳಿತರೆ ಅದೇ ಪಾಸ್‌ವರ್ಡ್‌ನಿಂದ ಲಾಗಿನ್ ಆಗುತ್ತದೆ, ಫೈರ್‌ವಾಲ್‌ನಲ್ಲಿ ಫೈಲ್ ಹಂಚಿಕೆಗೆ ಬೇಕಾದ 445ನೇ ಪೋರ್ಟ್ ಕೂಡ ತೆರೆದಿದೆ. ಇದನ್ನು ಬಗೆಹರಿಸಿಕೊಂಡವರು ದಯವಿಟ್ಟು ದಾರಿ ತಿಳಿಸಿ.

ಮೊದಲ ಉತ್ತರ

ಇದೇ ತೊಂದರೆಯಲ್ಲಿ ನಾನು ಮೂರು ದಿನ ಕಳೆದಿದ್ದೇನೆ. ಪಾಸ್‌ವರ್ಡನ್ನು ಮತ್ತೆ ಮತ್ತೆ ಬದಲಿಸಲು ಹೋಗಬೇಡಿ. ಪಾಸ್‌ವರ್ಡ್ ತಪ್ಪಿದ್ದರೆ ವಿಂಡೋಸ್ 1326 ಎಂಬ ದೋಷಸಂಖ್ಯೆಯನ್ನೂ, ಕಂಪ್ಯೂಟರನ್ನು ತಲುಪುವ ದಾರಿಯೇ ಸಿಗದಿದ್ದರೆ 53 ಎಂಬುದನ್ನೂ ಕೊಡುತ್ತದೆ. ನಿಮಗೆ ಬರುತ್ತಿರುವ ‘ಆಕ್ಸೆಸ್ ಈಸ್ ಡಿನೈಡ್’ ಎಂಬುದರ ಸಂಖ್ಯೆ 5. ನೀವು ಯಾರೆಂಬುದನ್ನು ಆ ಕಂಪ್ಯೂಟರ್ ಸಾಮಾನ್ಯವಾಗಿ ಒಪ್ಪಿಕೊಂಡಿರುತ್ತದೆ, ಕೇಳಿದ ಕೆಲಸಕ್ಕೆ ಮಾತ್ರ ಅಧಿಕಾರವಿಲ್ಲ ಎನ್ನುತ್ತದೆ. ಖಚಿತಪಡಿಸಿಕೊಳ್ಳಲು ಅಲ್ಲಿನ ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ದಾಖಲೆಯಲ್ಲಿ ಅದೇ ನಿಮಿಷದ ಸಾಲನ್ನು ಹುಡುಕಿ. ಈವೆಂಟ್ ಸಂಖ್ಯೆ 4625 ಇದ್ದರೆ ಲಾಗಿನ್ನೇ ವಿಫಲವಾಗಿದೆ. ನನಗೆ ಕಂಡದ್ದು 4624, ಲಾಗಾನ್ ಟೈಪ್ 3, ಅಂದರೆ ನೆಟ್‌ವರ್ಕ್ ಮೂಲಕ ಯಶಸ್ವಿಯಾದ ಲಾಗಿನ್. ಆ ಸಾಲನ್ನು ನೋಡಿದ ಮೇಲೆಯೇ ನನ್ನ ಹುಡುಕಾಟ ಸರಿದಾರಿಗೆ ಬಂತು.

ಮೂಲ ಕಾರಣ ಯುಎಸಿ, ಅಂದರೆ ಆಡಳಿತಾಧಿಕಾರದ ಬಳಕೆಯನ್ನು ನಿಯಂತ್ರಿಸುವ ವಿಂಡೋಸ್‌ನ ರಕ್ಷಣಾ ವ್ಯವಸ್ಥೆ. ಆ ಕಂಪ್ಯೂಟರ್‌ನದೇ ಆದ ಲೋಕಲ್ ಖಾತೆಯೊಂದು ನೆಟ್‌ವರ್ಕ್ ಮೂಲಕ ಬಂದಾಗ, ಸಾಮಾನ್ಯವಾಗಿ ಅದು ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿದ್ದರೂ ಯುಎಸಿ ಅದರ ಆಡಳಿತಾಧಿಕಾರವನ್ನು ತೆಗೆದುಹಾಕಿಯೇ ಒಳಗೆ ಬಿಡುತ್ತದೆ. ಡೊಮೇನ್ ಖಾತೆಗೆ ಈ ನಿರ್ಬಂಧವಿಲ್ಲ. ಪಿಎಸ್‌ಎಕ್ಸೆಕ್ ಮೊದಲು ತನ್ನ ಸರ್ವಿಸ್ ಫೈಲನ್ನು ‘ಅಡ್ಮಿನ್ ಡಾಲರ್’ (ADMIN$) ಎಂಬ, ಆಡಳಿತಾಧಿಕಾರ ಇರುವವರಿಗೆ ಮಾತ್ರ ತೆರೆಯುವ ಗುಪ್ತ ಶೇರ್‌ಗೆ (ಹಂಚಿಕೆಯ ಫೋಲ್ಡರ್‌ಗೆ) ನಕಲಿಸಬೇಕಾಗಿರುವುದರಿಂದ, ಅಧಿಕಾರ ಕಳೆದುಕೊಂಡ ಖಾತೆ ಅಲ್ಲಿಯೇ ನಿಂತುಬಿಡುತ್ತದೆ. ದೂರದ ಕಂಪ್ಯೂಟರ್‌ನಲ್ಲಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನಿಡುವ ರಿಜಿಸ್ಟ್ರಿಯ ಎಚ್‌ಕೆಎಲ್‌ಎಂ (HKEY_LOCAL_MACHINE) ಅಡಿಯಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಶನ್, ಪಾಲಿಸೀಸ್, ಸಿಸ್ಟಮ್ ಎಂದು ಸಾಗಿ, ಅಲ್ಲಿ ‘ಲೋಕಲ್‌ಅಕೌಂಟ್‌ಟೋಕನ್‌ಫಿಲ್ಟರ್‌ಪಾಲಿಸಿ’ ಎಂಬ ಡಿವರ್ಡ್ (ಸಂಖ್ಯೆಯ ಬಗೆಯ) ಮೌಲ್ಯವನ್ನು ರಚಿಸಿ 1 ಎಂದು ಕೊಡಿ, ಆಗ ಯುಎಸಿ ಆ ಅಧಿಕಾರವನ್ನು ತೆಗೆಯುವುದಿಲ್ಲ. ಆದರೆ ಹನ್ನೆರಡರಲ್ಲೂ ಒಂದೇ ಪಾಸ್‌ವರ್ಡ್ ಇದ್ದರೆ ಇದನ್ನು ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಒಂದು ಕಂಪ್ಯೂಟರ್ ಕಳ್ಳರ ವಶವಾದರೆ ಉಳಿದ ಹನ್ನೊಂದನ್ನೂ ಅವರು ಅದೇ ದಾರಿಯಲ್ಲಿ ಹಿಡಿಯಬಲ್ಲರು. ಮೊದಲು ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್ ಇಡಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿ. ಇದು ಬಗೆಹರಿದ ಮೇಲೆ ಎದುರಾಗಬಹುದಾದ ಇನ್ನೊಂದು ‘ಆಕ್ಸೆಸ್ ಡಿನೈಡ್’ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ನಾನು ಕೊಟ್ಟ ಕಮಾಂಡ್ ದೂರದ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡುತ್ತಿತ್ತು, ಆದರೆ ಅಲ್ಲಿಂದ ಫೈಲ್ ಸರ್ವರ್‌ನಲ್ಲಿದ್ದ ಇನ್‌ಸ್ಟಾಲರ್ ಓದಲು ಹೋದಾಗ ನಿರಾಕರಣೆ ಬರುತ್ತಿತ್ತು. ಪಿಎಸ್‌ಎಕ್ಸೆಕ್‌ಗೆ ಬಳಕೆದಾರರ ಹೆಸರನ್ನು ಪ್ರತ್ಯೇಕವಾಗಿ ಕೊಡದಿದ್ದರೆ, ಹಾಗೆಯೇ ಇದೇ ಕೆಲಸದ ಇನ್ನೊಂದು ಸಾಧನವಾದ ಪವರ್‌ಶೆಲ್ ರಿಮೋಟಿಂಗ್‌ನಲ್ಲಿ ಸಾಮಾನ್ಯವಾಗಿ, ನಿಮ್ಮ ಗುರುತು ಎರಡನೆಯ ಕಂಪ್ಯೂಟರ್‌ನಿಂದ ಮೂರನೆಯದಕ್ಕೆ ದಾಟುವುದಿಲ್ಲ. ಇನ್‌ಸ್ಟಾಲರನ್ನು ಮೊದಲೇ ಆ ಕಂಪ್ಯೂಟರ್‌ನ ಡಿಸ್ಕ್‌ಗೆ ನಕಲಿಸಿ ಅಲ್ಲಿಂದಲೇ ಓಡಿಸಿದೆ, ಸಮಸ್ಯೆ ಮುಗಿಯಿತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ದಾಖಲೆಯಲ್ಲಿ ನನಗೂ 4624 ಸಿಕ್ಕಿತು. ಪಾಸ್‌ವರ್ಡ್‌ಗಳನ್ನು ಬೇರೆ ಬೇರೆ ಮಾಡಿ ರಿಜಿಸ್ಟ್ರಿ ಬದಲಿಸಿದ ಮೇಲೆ ಹನ್ನೊಂದು ಕಂಪ್ಯೂಟರ್‌ಗಳು ಸರಿಹೋದವು. ಹನ್ನೆರಡನೆಯದರಲ್ಲಿ ಮಾತ್ರ ಅದೇ ದೋಷ ಉಳಿದಿತ್ತು. ತೆರೆದು ನೋಡಿದರೆ ಹೆಸರು ಸರಿಯಾಗಿಯೇ ಇತ್ತು, ಆದರೆ ಮೌಲ್ಯವನ್ನು ಡಿವರ್ಡ್ ಬದಲು ಸ್ಟ್ರಿಂಗ್ (ಪಠ್ಯ) ಆಗಿ ರಚಿಸಿದ್ದೆ. ಅದನ್ನು ಅಳಿಸಿ ಮತ್ತೆ ರಚಿಸಿದ ಮೇಲೆ ಅದೂ ಕಮಾಂಡ್ ಸ್ವೀಕರಿಸಿತು.