ಅಮ್ಮನ ನೋವನ್ನು ಟರ್ಕಿಯ ಡಾಕ್ಟರಿಗೆ ಹೇಗೆ ಹೇಳೋದು? ಅನುಭವ ಇದ್ದವರು ತಿಳಿಸಿ

ಅಂಕಾರಾ ಹೊಸಬ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮ ಅಂಕಾರಾಗೆ ಬರ್ತಿದ್ದಾರೆ. ವಯಸ್ಸು 64. ಮಂಡಿ ನೋವು ಹಳೇದು. ಆಗಾಗ ಗ್ಯಾಸ್, ಎದೆ ಉರಿ. ಕನ್ನಡ ಬಿಟ್ಟರೆ ಬೇರೆ ಭಾಷೆ ಬರಲ್ಲ. ನನಗೆ ಆಫೀಸಿಗೆ ಇಂಗ್ಲಿಷ್ ಸಾಕು, ಟರ್ಕಿಶ್ ಏನಿದ್ದರೂ ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು. ನಿಘಂಟಿನಲ್ಲಿ ಇಂಗ್ಲಿಷಿನ ಪೇನ್, ಏಕ್ (ache) ಅಂತ ಹುಡುಕಿದರೆ ಒಮ್ಮೆ ಆಗ್ರಿ, ಒಮ್ಮೆ ಅಜಿ, ಒಮ್ಮೆ ಸಂಜಿ ಅಂತ ತೋರಿಸುತ್ತದೆ. ಯಾವುದನ್ನು ಎಲ್ಲಿ ಹೇಳಬೇಕು? ಮೊಬೈಲ್ ಆ್ಯಪ್ ಸಾಕಾ, ದುಭಾಷಿ ಇಟ್ಟುಕೊಳ್ಳಬೇಕಾ?

ಕಾಡಿಕೊಯ್ ನಿವಾಸಿ:
ನನ್ನ ಕಥೆ ಹೇಳ್ತೀನಿ, ನೀವೇ ತೀರ್ಮಾನ ಮಾಡಿ. 2023ರ ಕೊನೆಯಲ್ಲಿ ಇಸ್ತಾಂಬುಲ್‌ನಲ್ಲಿ ನನಗೆ ಕಿಡ್ನಿ ಕಲ್ಲಿನ ನೋವು ಬಂತು. ನಡುರಾತ್ರಿ. ಒಂದು ಖಾಸಗಿ ಆಸ್ಪತ್ರೆಯ ಅಜಿಲ್‌ಗೆ, ಅಂದರೆ ತುರ್ತು ವಿಭಾಗಕ್ಕೆ ಹೋದೆ. ಆ್ಯಪ್ ಕೊಟ್ಟ ಹಾಗೆ ಹೊಟ್ಟೆ ತೋರಿಸಿ "ಆರಿ ವಾರ್" ಅಂದೆ. ನೋವು ಇದೆ ಅಂತ ಅರ್ಥ. ನೀವು ಆಗ್ರಿ ಅಂತ ಬರೆದದ್ದೇ ಈ ಆರಿ. ಹಸಿರು ವಿಭಾಗಕ್ಕೆ ಕಳಿಸಿ ಕೂರಿಸಿದರು. ಅಲ್ಲಿನ ಆಸ್ಪತ್ರೆಗಳಲ್ಲಿ ಹಸಿರು, ಹಳದಿ, ಕೆಂಪು ಅಂತ ರೋಗಿಗಳನ್ನು ವಿಂಗಡಿಸುತ್ತಾರೆ. ಹಸಿರು ಅಂದರೆ ಅವಸರ ಇಲ್ಲದವರು. ನೆಗಡಿ, ಕೆಮ್ಮಿನವರ ಜೊತೆ ನಾನು ಕುರ್ಚಿ ಹಿಡಿದು ಬಗ್ಗಿ ಕೂತಿದ್ದೆ, ಬೆನ್ನೆಲ್ಲ ಬೆವರು.

ನನ್ನನ್ನು ಕರೆದುಕೊಂಡು ಬಂದಿದ್ದು ಕೆಳಗಿನ ಮನೆಯ ತೇಯ್ಝೆ. ಅಲ್ಲಿ ದೊಡ್ಡ ಹೆಂಗಸರನ್ನೆಲ್ಲ ಹಾಗೇ ಕರೀತಾರೆ, ನಮ್ಮಲ್ಲಿ ಚಿಕ್ಕಮ್ಮ, ದೊಡ್ಡಮ್ಮ ಅಂದ ಹಾಗೆ. ಆಕೆ ಎದ್ದು ಹೋಗಿ ನರ್ಸ್ ಮುಂದೆ ನಿಂತು "ಸಂಜಿ, ಸಂಜಿ!" ಅಂತ ಗದರಿಸಿದರು. ನರ್ಸ್ ಬಂದು ಬೆನ್ನಿನ ಪಕ್ಕಕ್ಕೆ ಮೆಲ್ಲಗೆ ಗುದ್ದಿ ನೋಡಿದಳು. ನಾನು ಕಿರುಚಿದೆ. ಆಮೇಲೆ ಎಲ್ಲವೂ ಚಕಚಕ ನಡೆಯಿತು.

ಬಂದು ಬಂದು ಹಿಂಡುವ, ಹೋಗಿ ಮತ್ತೆ ಬರುವ ನೋವು ಸಂಜಿ. ನಮ್ಮ ಶೂಲೆ. ಆರಿ ಅಂದರೆ ಒಂದೇ ಸಮನೆ ಇರೋ ನೋವು. ಇಂಗ್ಲಿಷಿನ ಪೇನ್ ಹಿಡಿದುಕೊಂಡು ಹೋದರೆ ಎರಡೂ ಒಂದೇ ಗಂಟಿನಲ್ಲಿ ಬೀಳುತ್ತವೆ.

ಈಗ ಖರ್ಚು ಕೇಳಿ. ತುರ್ತು ವಿಭಾಗದ ಡಾಕ್ಟರ್ 1,900 ಲಿರಾ. ಟೊಮೊಗ್ರಾಫಿ, ಅಂದರೆ ಸಿಟಿ ಸ್ಕ್ಯಾನ್, 4,200. ಮೂತ್ರ ಮತ್ತು ರಕ್ತ ಪರೀಕ್ಷೆ 1,650. ಡ್ರಿಪ್‌ಗೆ ಅಲ್ಲಿ ಸೇರುಮ್ ಅಂತಾರೆ. ಅದು, ಇಂಜೆಕ್ಷನ್ನು ಸೇರಿ 1,350. ಒಟ್ಟು 9,100 ಲಿರಾ. ಆಗ ಒಂದು ಲಿರಾಗೆ ಮೂರು ರೂಪಾಯಿಗಿಂತ ಸ್ವಲ್ಪ ಕಮ್ಮಿ. ಇನ್ಶೂರೆನ್ಸ್‌ನವರು ಅರ್ಧವೇ ಕೊಟ್ಟಿದ್ದು. ಯಾಕೆ ಗೊತ್ತಾ? ಮೊದಲ ಚೀಟಿಯಲ್ಲಿ ಹೊಟ್ಟೆ ನೋವು ಅಂತ ಬರೆದಿತ್ತು, ಸಿಟಿ ಚೀಟಿಯಲ್ಲಿ ಕಲ್ಲು ಅಂತ ಬರೆದಿತ್ತು. ಎರಡೂ ಬೇರೆ ಬೇರೆ ಕಾಯಿಲೆಯಂತೆ. ಇವತ್ತಿಗೂ ನೆನೆಸಿಕೊಂಡರೆ ರಕ್ತ ಕುದಿಯುತ್ತದೆ.

ಇಜ್ಮಿರ್ ಬಾಣಂತಿ:
ಸಂಜಿ ಅಂದ ಕೂಡಲೇ ಬರೆಯಲೇಬೇಕು ಅನ್ನಿಸಿತು. ಹೆರಿಗೆ ನೋವಿಗೂ ಅದೇ ಮಾತು, ದೋವುಮ್ ಸಂಜಿಸಿ. ನಾನು ಇಂಗ್ಲಿಷ್‌ನ ಕಾಂಟ್ರ್ಯಾಕ್ಷನ್‌ಗೆ ಪುಸ್ತಕದ ಪದ ಕಾಸಿಲ್ಮಾ ಅಂತ ಕಲಿತು ಹೋಗಿದ್ದೆ. ಡಾಕ್ಟರ್ ಹಾಗೆ ಹೇಳುತ್ತಿದ್ದರು, ಸರಿ. ಆದರೆ ರಾತ್ರಿಯೆಲ್ಲ ನನ್ನ ಹತ್ತಿರ ಇದ್ದದ್ದು ಎಬೆ, ಅಂದರೆ ಸೂಲಗಿತ್ತಿ ನರ್ಸ್. ಆಕೆ ಕೇಳೋದೊಂದೇ: ಸಂಜಿ ಇದೆಯಾ, ಎಷ್ಟು ನಿಮಿಷಕ್ಕೊಮ್ಮೆ?

ದುಭಾಷಿ ಬೇಕಾ ಅಂತ ಕೇಳಿದ್ದೀರಿ. ನಾವು ಇಟ್ಟುಕೊಂಡಿದ್ದೆವು. ಗಂಟೆಗೆ 45 ಯೂರೋ, ಕಮ್ಮಿ ಅಂದರೂ ನಾಲ್ಕು ಗಂಟೆಯದು ಕೊಡಬೇಕು, ರಾತ್ರಿ ಆದರೆ ಒಂದೂವರೆ ಪಟ್ಟು. ನೋವು ಶುರುವಾದಾಗ ಆಕೆ ಟ್ರಾಫಿಕ್‌ನಲ್ಲಿ. ಅದಕ್ಕೂ ಮೀಟರ್ ಓಡುತ್ತಿತ್ತು. ಬಂದ ಮೇಲೆ ಏನು ಮಾಡಿದಳು? ಡಾಕ್ಟರ್ "ಸುನಿ ಸಂಜಿ" ಕೊಡೋಣ ಅಂದರು. ಇವಳು ಅದನ್ನು ಇಂಗ್ಲಿಷಿಗೆ ಪದಕ್ಕೆ ಪದ ಇಳಿಸಿ, ಕೃತಕ ನೋವು ಕೊಡ್ತಾರಂತೆ ಅಂದಳು. ನಮ್ಮ ಮನೆಯವರು ಜಗಳಕ್ಕೇ ನಿಂತರು. ನೋವು ಬರಿಸೋ ಡ್ರಿಪ್ ಅಷ್ಟೇ ಅದು! ನಮ್ಮೂರಲ್ಲೂ ಕೊಡ್ತಾರೆ. ನಮ್ಮತ್ತೆ ಫೋನಿನಲ್ಲಿ ಕೇಳಿಸಿಕೊಂಡು "ನೋವು ಬರೋಕೆ ಡ್ರಿಪ್ ಹಾಕ್ತಾರೆ ಕಣೋ" ಅಂದಾಗಲೇ ಇವರು ಸುಮ್ಮನಾಗಿದ್ದು. ಕೊನೆಗೆ 270 ಯೂರೋ ಬಿಲ್ಲು, ರಸೀದಿ ಕೂಡ ಸರಿಯಾಗಿ ಕೊಡಲಿಲ್ಲ. ದುಭಾಷಿ ಬೇಡವೇ ಬೇಡ. ಪಕ್ಕದ ಮನೆಯವರ ಸ್ನೇಹ ಮಾಡಿಕೊಳ್ಳಿ.

ಆ್ಯಪ್ ಸಾಕು ಗುರು:
ಸುಮ್ನೆ ಹೆದರಿಸಬೇಡಿ. ನಾನು ಇಸ್ತಾಂಬುಲ್‌ನಲ್ಲಿ ಕೂದಲು ಕಸಿ ಮಾಡಿಸಿಕೊಂಡೆ. ಹೋಟೆಲ್, ಗಾಡಿ ಎಲ್ಲ ಸೇರಿ 2,400 ಯೂರೋ, 3,500 ಗ್ರಾಫ್ಟ್, ಅಂದರೆ ನೆಟ್ಟ ಕೂದಲ ಬುಡ. ಬೆಂಗಳೂರಲ್ಲಿ ಕೇಳಿದ ರೇಟಿಗೆ ಹೋಲಿಸಿದರೆ ವಿಮಾನದ ಖರ್ಚು ಸೇರಿಸಿದರೂ ನನಗೆ ಲಾಭವೇ. ಇವತ್ತು ಬಂದು ನನ್ನ ತಲೆ ನೋಡಿ. ನಾನು ಕಲಿತದ್ದು ಒಂದೇ ವಾಕ್ಯ, ಅವರು ಕೇಳುತ್ತಿದ್ದದ್ದು: "ಅಜಿಯೋರ್ ಮು?" ನೋಯ್ತಿದೆಯಾ? ಮರಗಟ್ಟಿಸೋ ಇಂಜೆಕ್ಷನ್ ನೆತ್ತಿಗೆ ಚುಚ್ಚುವಾಗ ಮಾತ್ರ ಜೀವ ಹೋಗುತ್ತದೆ, ಆಗ ಹೌದು ಅಂದೆ. ಆಮೇಲೆ ಏನೂ ಇಲ್ಲ. ಉಳಿದದ್ದಕ್ಕೆ ಸೊನ್ನೆಯಿಂದ ಹತ್ತು. ಎಂಟು ಬೆರಳು ತೋರಿಸಿದರೆ ಯಾವ ಭಾಷೆಯವನಿಗೂ ಗೊತ್ತಾಗುತ್ತದೆ. ಶೂಲೆ, ಸಂಜಿ ಅಂತ ಪಂಡಿತರಾಗಬೇಕಿಲ್ಲ.

ಕಾಡಿಕೊಯ್ ನಿವಾಸಿ:
ದುಡ್ಡು ಕೊಟ್ಟು ಪ್ಯಾಕೇಜಿನಲ್ಲಿ ಹೋದವರಿಗೂ ನಡುರಾತ್ರಿ ನೋವಿನಲ್ಲಿ ಹೋದವರಿಗೂ ವ್ಯತ್ಯಾಸ ಇದೆ ಸ್ವಾಮಿ. ನಿಮಗೆ ಇಂಗ್ಲಿಷ್ ಬಲ್ಲವರನ್ನು ಪಕ್ಕದಲ್ಲೇ ನಿಲ್ಲಿಸಿರುತ್ತಾರೆ. ನಾನೂ ಬೆರಳು ತೋರಿಸಿದ್ದೆ, ಹತ್ತೂ ತೋರಿಸಿದ್ದೆ. ಹಸಿರು ವಿಭಾಗದಲ್ಲಿ ಎಲ್ಲರೂ ಹತ್ತೇ ತೋರಿಸುತ್ತಾರೆ.

ಧಾರವಾಡದ ಮಗ:
ಆ್ಯಪ್ ಸಾಕು ಅನ್ನೋರು ನನ್ನ ಬಿಲ್ ನೋಡಬೇಕು. ಅಪ್ಪಾಜಿ 2024ರಲ್ಲಿ ಬುರ್ಸಾಗೆ ಬಂದಿದ್ದರು. ರಾತ್ರಿ ಊಟಕ್ಕೆ ಅದಾನಾ ಕಬಾಬ್ ತಿಂದರು. ಅಂಗಡಿಯವನು ಅಜಿಲಿ ಬೇಕಾ ಅಂತ ಕೇಳಿದ್ದ, ಖಾರದ್ದು ಬೇಕಾ ಅಂತ. ಅಲ್ಲಿ ಖಾರಕ್ಕೂ ಅಜಿ, ಕಹಿಗೂ ಅಜಿ, ಗಾಯದ ನೋವಿಗೂ ಅಜಿ, ಮನಸ್ಸಿನ ದುಃಖಕ್ಕೂ ಅಜಿ. ಅಪ್ಪಾಜಿ ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದವರು, ತಾ ಅಂದರು. ರಾತ್ರಿ ಎದೆ ಉರಿ ಶುರುವಾಯಿತು. ಬರೀ ಅಸಿಡಿಟಿ ರೀ, ಮನೆಯಲ್ಲಿದ್ದರೆ ಮಜ್ಜಿಗೆ ಕುಡಿದು ಮಲಗುತ್ತಿದ್ದರು.

ಆ್ಯಪ್‌ಗೆ "ಎದೆ ಉರಿ" ಅಂದೆ. ಅದು "ಗೋಯ್ಸುಮ್ ಯಾನಿಯೋರ್" ಅಂತ ಕೊಟ್ಟಿತು, ನನ್ನ ಎದೆ ಉರೀತಿದೆ ಅಂತ. ಅವರ ಮಾತಿನಲ್ಲಿ ಇದಕ್ಕೆ ಹೊಟ್ಟೆ ಉರಿ ಅಂತಾರೆ, ಮಿದೆ ಯಾನ್ಮಾಸಿ. ಅಷ್ಟೇ ಸಾಕಾಯಿತು, ಹೃದಯಾಘಾತ ಇರಬಹುದು ಅಂದುಕೊಂಡರು. ಇಸಿಜಿ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ನೋಡೋ ಟ್ರೊಪೊನಿನ್ ರಕ್ತ ಪರೀಕ್ಷೆ, ಕೆಲವು ತಾಸು ಬಿಟ್ಟು ಮತ್ತೆ ಅದೇ ಪರೀಕ್ಷೆ, ರಾತ್ರಿಯೆಲ್ಲ ಮುಶಾಹೆದೆ, ಅಂದರೆ ನಿಗಾ ಕೋಣೆ. 14,200 ಲಿರಾ, ಆಗಿನ ಲೆಕ್ಕದಲ್ಲಿ 36,000 ರೂಪಾಯಿ ಹತ್ತಿರ. ಪಾಲಿಸಿಯವರು ಅಸಿಡಿಟಿ ಮೊದಲಿಂದ ಇದ್ದ ಕಾಯಿಲೆ ಅಂತ ಒಂದು ಪೈಸೆ ಕೊಡಲಿಲ್ಲ. ಒಂದು ಶಬ್ದಕ್ಕೆ 36,000!

ನರ್ಸ್ ಅಕ್ಕ:
ಧಾರವಾಡದವರೇ, ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ಈ ಮಾತನ್ನು ಇಲ್ಲಿ ಓದಿ ಯಾರಾದರೂ ಎದೆ ಉರಿಯನ್ನು ಮುಚ್ಚಿಟ್ಟರೆ? ಹೃದಯಾಘಾತ ಎಷ್ಟೋ ಜನರಿಗೆ ಉರಿ ಹಾಗೇ ಶುರುವಾಗುತ್ತದೆ. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಎದೆ ಹಿಂಡುವ ನೋವು ಬರದೇ ಇರಬಹುದು. ಒಂದು ಸಲ ಟ್ರೊಪೊನಿನ್ ಸರಿ ಇದ್ದರೂ ಮತ್ತೆ ನೋಡಲೇಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದ ಮೇಲೆ ಅದು ರಕ್ತದಲ್ಲಿ ಏರೋಕೆ ಹೊತ್ತು ಹಿಡಿಯುತ್ತದೆ. ಅಲ್ಲಿನ ಡಾಕ್ಟರ್ ಸರಿಯಾಗೇ ಮಾಡಿದ್ದಾರೆ.

ಕೂದಲು ಕಸಿಯವರಿಗೂ ಒಂದು ಮಾತು. ಸೊನ್ನೆಯಿಂದ ಹತ್ತು ಎಷ್ಟು ನೋವು ಅಂತ ಹೇಳುತ್ತದೆ, ಎಂಥ ನೋವು ಅಂತ ಹೇಳಲ್ಲ. ಕೆನಡಾದಲ್ಲಿ ರೊನಾಲ್ಡ್ ಮೆಲ್‌ಝಾಕ್ ಅನ್ನೋರು 1975ರಲ್ಲಿ ಮೆಕ್‌ಗಿಲ್ ಪ್ರಶ್ನಾವಳಿ ಪ್ರಕಟಿಸಿದ್ದು ಇದಕ್ಕೇ. ಅದರಲ್ಲಿ ನೋವಿಗೆ 78 ಇಂಗ್ಲಿಷ್ ಪದಗಳಿವೆ, 20 ಗುಂಪಾಗಿ. ಸಿಡಿಯೋದು, ಕೊರೆಯೋದು, ಹಿಂಡೋದು, ಉರಿಯೋದು, ಕುಟುಕೋದು ಎಲ್ಲ ಬೇರೆ ಬೇರೆ. ಪಾದ ಉರಿ, ಸೂಜಿ ಚುಚ್ಚಿದ ಹಾಗೆ ಅಂದರೆ ನಾವು ನರದ ಕಡೆ ಯೋಚನೆ ಮಾಡ್ತೀವಿ. ಅದಕ್ಕೆ ಕೊಡೋ ಮಾತ್ರೆಯೇ ಬೇರೆ. ಎಂಟು ಬೆರಳು ನೋಡಿ ಇದು ಗೊತ್ತಾಗುತ್ತಾ?

ಧಾರವಾಡದ ಮಗ:
ಅಕ್ಕಾರ, ಪರೀಕ್ಷೆ ಮಾಡಬಾರದಿತ್ತು ಅಂತ ನಾನು ಹೇಳಿಲ್ಲ. ಅಪ್ಪಾಜಿಗೆ ಏನಾಗ್ತಿತ್ತೋ ಅದು ಡಾಕ್ಟರಿಗೆ ಮುಟ್ಟಲಿಲ್ಲ ಅಂತ ಹೇಳ್ತಿದ್ದೀನಿ. ಉಂಡ ಮೇಲೆ ಬರುತ್ತದೆ, ಮಲಗಿದರೆ ಜಾಸ್ತಿ, ಹುಳಿ ತೇಗು ಬರುತ್ತದೆ ಅಂತ ನೀವಾದರೆ ಕೇಳುತ್ತಿದ್ದಿರಿ. ಅಲ್ಲಿ ಕೇಳೋರಿಗೂ ಬಾಯಿಲ್ಲ, ಹೇಳೋರಿಗೂ ಬಾಯಿಲ್ಲ.

ಭಾಷೆಯ ಮೇಷ್ಟ್ರು:
ಮೊದಲು ಉಚ್ಚಾರ ಸರಿ ಮಾಡಿಕೊಳ್ಳಿ. ಪ್ರಶ್ನೆಯಲ್ಲಿ ಆಗ್ರಿ ಅಂತ ಬರೆದಿದ್ದಾರೆ. ಅಲ್ಲಿ ಗ ಇಲ್ಲ. 1928ರಲ್ಲಿ ಲ್ಯಾಟಿನ್ ಲಿಪಿಗೆ ಬಂದಾಗ ತಲೆ ಮೇಲೆ ಬಟ್ಟಲಿನಂಥ ಗುರುತು ಇರುವ ಒಂದು ಜಿ ಮಾಡಿಕೊಂಡರು. ಅದು ಹಿಂದಿನ ಸ್ವರವನ್ನು ಎಳೆಯುತ್ತದೆ ಅಷ್ಟೇ. ಆರಿ ಅನ್ನಿ. ಕೊನೆಯ ಸ್ವರ ನಮ್ಮ ಇ, ಉ ಎರಡರ ನಡುವೆ, ತುಟಿ ದುಂಡಗೆ ಮಾಡದೆ. 5,137 ಮೀಟರ್ ಎತ್ತರದ ಅರಾರಾತ್ ಪರ್ವತಕ್ಕೂ ಅಲ್ಲಿ ಇದೇ ಹೆಸರು, ಆರಿ ದಾಯಿ. ಆಗ್ರಿ ಅಂದರೆ ಬಸ್ ಕಂಡಕ್ಟರ್ ಕೂಡ ಮುಖ ನೋಡುತ್ತಾನೆ.

ಇನ್ನೊಂದು. ಇಂಗ್ಲಿಷ್ ಮೂಲಕ ಯಾಕೆ ಹೋಗ್ತೀರಿ? ಇಂಗ್ಲಿಷ್‌ನವನು ನನ್ನ ಹತ್ತಿರ ತಲೆನೋವು ಇದೆ ಅನ್ನುತ್ತಾನೆ. ನಾವು "ತಲೆ ನೋಯ್ತಿದೆ" ಅಂತೀವಿ. ಟರ್ಕಿಯವರೂ ತಲೆಯನ್ನೇ ಮುಂದಿಟ್ಟು ಕ್ರಿಯಾಪದ ಕೊನೆಗೆ ಇಡುತ್ತಾರೆ: "ಬಾಶಿಮ್ ಆರಿಯೋರ್." ಬಾಶ್ ತಲೆ, ಇಮ್ ಅಂದರೆ ನನ್ನ. ಹಲ್ಲಾದರೆ ದಿಶಿಮ್, ಹೊಟ್ಟೆಯಾದರೆ ಕಾರ್ನಿಮ್. ನಮ್ಮ "ತಲೆ ಸಿಡಿತಿದೆ"ಗೆ "ಬಾಶಿಮ್ ಚಾತ್ಲಿಯೋರ್" ಅಂತಾರೆ, ತಲೆ ಬಿರಿಯುತ್ತಿದೆ ಅಂತ. ಟಕ್ ಟಕ್ ಅಂತ ಬಡಿಯುತ್ತಿದ್ದರೆ "ಝೋಂಕ್ಲುಯೋರ್". ತಣ್ಣೀರು ತಗುಲಿ ಹಲ್ಲು ಜುಮ್ಮೆಂದರೆ, ಚಳಿಗೆ ಮೂಳೆ ಒಳಗೊಳಗೇ ಕೊರೆದರೆ "ಸಿಝ್ಲಿಯೋರ್". ಜ್ವರ ಬರುವ ಮುಂಚೆ ಮೈಕೈ ಮುರಿದ ಹಾಗಾದರೆ ಕಿರ್ಗಿನ್ಲಿಕ್. ಕನ್ನಡದಿಂದ ನೇರ ದಾರಿ ಇದೆ. ಇಂಗ್ಲಿಷ್‌ಗೆ ಹೋದರೆ ಸೋರ್, ಹರ್ಟ್, ಏಕ್ ಅಂತ ಅಲ್ಲಿಯ ಒಳಜಗಳವನ್ನೂ ಹೊತ್ತುಕೊಂಡು ಬರಬೇಕು. ಗಂಟಲಿಗೆ ಅವರು ಸೋರ್ ಅಂತಾರೆ, ತಲೆಗೆ ಏಕ್ ಅಂತಾರೆ. ಟರ್ಕಿಶ್‌ನಲ್ಲಿ ಎರಡೂ ಆರಿ, ಕನ್ನಡದಲ್ಲಿ ಎರಡೂ ನೋವು.

ಧಾರವಾಡದ ಮಗ:
ನಿಮ್ಮ ಕನ್ನಡ ಯಾವುದು ಮೇಷ್ಟ್ರೇ? ನಮ್ಮಲ್ಲಿ ಹೊಟ್ಟೆ ಬ್ಯಾನಿ, ತಲಿ ಬ್ಯಾನಿ ಅಂತೀವಿ. ನೋವು ಅನ್ನೋದು ಪೆಟ್ಟು ಬಿದ್ದರೆ.

ಭಾಷೆಯ ಮೇಷ್ಟ್ರು:
ಬೇನೆ ಹಳೆಯ ಮಾತೇ, ಹೆರಿಗೆ ಬೇನೆ ಅಂತ ಮೈಸೂರಿನಲ್ಲೂ ಇದೆ. ನಾನು ಎಲ್ಲರಿಗೂ ತಿಳಿಯುವ ಹಾಗೆ ಬರೆದೆ.

ಧಾರವಾಡದ ಮಗ:
ಎಲ್ಲರಿಗೂ ಅಂದರೆ ಮೈಸೂರಿನವರಿಗೆ. ಪ್ರತಿ ಸಲ ಇದೇ ಆಯಿತು.

ಆ್ಯಪ್ ಸಾಕು ಗುರು:
ಅಮ್ಮ ಬರೋದು ಮುಂದಿನ ತಿಂಗಳು. ಅಷ್ಟರಲ್ಲಿ ಇಷ್ಟೆಲ್ಲ ಕಲಿಯೋಕೆ ಆಗುತ್ತಾ? ಪ್ರಾಕ್ಟಿಕಲ್ ಆಗಿ ಮಾತಾಡಿ.

ಇಜ್ಮಿರ್ ಬಾಣಂತಿ:
ಕಲೀಬೇಕಾದದ್ದು ಅಮ್ಮ ಅಲ್ಲ, ಮಗ! ನಿಮ್ಮ ನೆತ್ತಿಗೆ ಖರ್ಚು ಮಾಡಿದ ಸಮಯದಲ್ಲಿ ಅರ್ಧ ಸಾಕು ಇದಕ್ಕೆ. ತಲೆ ಅಲ್ಲಾಡಿಸೋದರ ಬಗ್ಗೆಯೂ ಯಾರೂ ಹೇಳಲಿಲ್ಲ. ನಮ್ಮಮ್ಮ ಹೌದು ಅನ್ನೋಕೆ ತಲೆಯನ್ನು ಆ ಕಡೆ ಈ ಕಡೆ ವಾಲಿಸುತ್ತಿದ್ದರು. ಎಬೆಗೆ ಅದು ಹೌದೋ ಅಲ್ಲವೋ ಗೊತ್ತಾಗುತ್ತಿರಲಿಲ್ಲ. ಅವರು ಇಲ್ಲ ಅನ್ನೋಕೆ ತಲೆಯನ್ನು ಮೇಲಕ್ಕೆ ಎತ್ತಿ, ಹುಬ್ಬು ಏರಿಸಿ, ನಾಲಿಗೆಯಲ್ಲಿ "ಚ್" ಅಂತಾರೆ. ಹೌದು ಅನ್ನೋಕೆ "ಎವೆತ್", ಇಲ್ಲ ಅನ್ನೋಕೆ "ಹಾಯಿರ್". ಈ ಎರಡನ್ನು ಮಾತ್ರ ಅಮ್ಮನಿಗೆ ಬಾಯಿಪಾಠ ಮಾಡಿಸಿ.

ಅಂಕಾರಾ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ದುಭಾಷಿ ಬೇಡ ಅಂತ ತೀರ್ಮಾನ ಮಾಡಿದೆ. ಮಂಡಿ ನೋವಿಗೆ ಮಾತ್ರ ಯಾರೂ ಏನೂ ಬರೆದಿಲ್ಲ. ಮೆಟ್ಟಿಲು ಹತ್ತುವಾಗ ಜಾಸ್ತಿ, ಬೆಳಿಗ್ಗೆ ಹಿಡಿದುಕೊಳ್ಳುತ್ತದೆ.

ನರ್ಸ್ ಅಕ್ಕ:
ತಮ್ಮಾ, ಅಮ್ಮ ಹೊರಡುವ ಮುಂಚೆ ಫೋನಿನಲ್ಲೇ ಕೇಳಿ ಒಂದು ಹಾಳೆಯಲ್ಲಿ ಬರೆದುಕೋ. ಎಲ್ಲಿ, ಯಾವಾಗಿಂದ, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಮ್ಮಿ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ. ಅಮ್ಮ ಹೇಳಿದ ಮಾತಿನಲ್ಲೇ ಬರೆದುಕೋ, ಆಮೇಲೆ ಟರ್ಕಿಶ್ ಬಲ್ಲವರ ಹತ್ತಿರ ತಿದ್ದಿಸು. ಎದೆ ಉರಿ ಜೊತೆ ಬೆವರು, ಉಸಿರು ಕಟ್ಟೋದು, ಎಡಗೈ ಅಥವಾ ದವಡೆ ಸೆಳೆತ ಇದ್ದರೆ ಹಾಳೆ ಹುಡುಕುತ್ತಾ ಕೂರಬೇಡ. ನೇರ 112ಕ್ಕೆ ಫೋನ್ ಮಾಡು.

ಭಾಷೆಯ ಮೇಷ್ಟ್ರು:
ಮಂಡಿ ದಿಝ್. "ಮೆರ್ದಿವೆನ್ ಚಿಕಾರ್ಕೆನ್ ದಿಝಿಮ್ ಆರಿಯೋರ್", ಮೆಟ್ಟಿಲು ಹತ್ತುವಾಗ ನನ್ನ ಮಂಡಿ ನೋಯುತ್ತದೆ. ಹಿಡಿದುಕೊಳ್ಳೋದಕ್ಕೆ "ತುತುಲುಯೋರ್". ಮಾತಿನಲ್ಲಿ ಅವರು ಕೊನೆಯ ರ್ ನುಂಗಿ ಆರಿಯೋ ಅಂತಾರೆ, ಗಾಬರಿ ಬೇಡ. ಧಾರವಾಡದವರು ಬೇಕಾದರೆ ಮಣಕಾಲು ಅಂತ ಓದಿಕೊಳ್ಳಲಿ.

ಧಾರವಾಡದ ಮಗ:
ಮೊಣಕಾಲು ರೀ. ಮಣಕಾಲು ಅಂತ ಯಾರು ಹೇಳಿದ್ರು ನಿಮಗೆ?